ಸತ್ತವಳು ಕಟ್ಟಿದ ಕಂತು

"ಮೇಡಂ... ನೀವು ತೀರಿಕೊಂಡಿದ್ದೀರಿ."

ಅವಳಿಗೆ ನಗು ಬಂತು. ಎದುರಿಗೆ ಕುಳಿತವನಿಗೆ ಬರಲಿಲ್ಲ.

ಅವನು ಬ್ಯಾಂಕಿನ ದಾಖಲೆ ತಿದ್ದುಪಡಿ ವಿಭಾಗದ ಗುಮಾಸ್ತ. ಅವಳು ಬಾಗಿಲಲ್ಲಿ ನಿಂತು "ಒಳಗೆ ಬರಬಹುದಾ?" ಎಂದಾಗಲೇ ಅವನ ಬೆರಳುಗಳು ಕೀಲಿಮಣೆಯ ಮೇಲೆ ನಿಂತುಹೋಗಿದ್ದವು. ಈಗ ಪರದೆಯನ್ನೊಮ್ಮೆ, ಅವಳನ್ನೊಮ್ಮೆ ನೋಡುತ್ತಿದ್ದ. ಮುಖದಲ್ಲಿ ರಕ್ತವೇ ಇರಲಿಲ್ಲ.

"ಸರಿಯಾಗಿ ನೋಡಿ ಸಾರ್. ಸತ್ತೋಳು ಟೋಕನ್ ತಗೊಂಡು ಕ್ಯೂನಲ್ಲಿ ಕೂರ್ತಾಳಾ?"

"ಹೋದ ವರ್ಷವೇ ದಾಖಲಾಗಿದೆ. ಕ್ರೆಡಿಟ್ ಕಾರ್ಡ್ ಗ್ರಾಹಕರು ಮೃತ ಅಂತ. ಅದಕ್ಕೇ ನಿಮಗೆ ಕ್ರೆಡಿಟ್ ಸ್ಕೋರೇ ಇಲ್ಲ. ಯಾವ ಬ್ಯಾಂಕೂ ಸಾಲ ಕೊಡಲ್ಲ. ಆದ್ರೆ..." ಅವನ ದನಿ ಇಳಿಯಿತು. "ಆದ್ರೆ ಪ್ರತಿ ತಿಂಗಳೂ ಕಂತು ಬಂದಿದೆ. ನಿಮ್ಮ ಹೆಸರಲ್ಲೇ. ಬಾಕಿ ಪೂರ್ತಿ ತೀರಿದೆ."

"ನಾನೇ ಕಟ್ಟಿದ್ದು! ಇನ್ಯಾರು ಕಟ್ತಾರೆ?"

ಅವನು ಮುಂದಕ್ಕೆ ಬಾಗಿದ. ಪಿಸುಗುಟ್ಟುವಂತೆ ಕೇಳಿದ.

"ಈಗಲೂ ಅದೇ ಹಲ್ಲಿನ ಲ್ಯಾಬ್‌ನಲ್ಲೇ ಇದ್ದೀರಾ?"

ಕೆಲಸದ ವಿಷಯ ಅವಳು ಎತ್ತಿಯೇ ಇರಲಿಲ್ಲ!

ಬ್ಯಾಗು ಎತ್ತಿಕೊಂಡವಳೇ ಹೊರಗೆ ಬಂದಳು.

*

ಲ್ಯಾಬ್‌ನಲ್ಲಿ ಯಾರೂ ಇರಲಿಲ್ಲ. ಕಪಾಟಿನ ತುಂಬ ಕಟ್ಟುಹಲ್ಲು ಮಾಡಲು ಅಚ್ಚು ತೆಗೆದ ಪ್ಲಾಸ್ಟರ್ ದವಡೆಗಳು, ಮುಖವಿಲ್ಲದ ನಗುಗಳು. ದಿನವೂ ನೋಡುವ ನಗುಗಳೇ. ಇವತ್ತು ಮಾತ್ರ ಅವು ತನ್ನನ್ನೇ ನೋಡಿ ನಗುತ್ತಿವೆ ಅನ್ನಿಸಿತು.

'ನಾನು ಸತ್ತಿದ್ದೀನಾ...?'

ಗೆಳತಿಯ ಜೊತೆ ಸ್ವಂತ ಲ್ಯಾಬ್ ತೆರೆಯಲೆಂದು ಅವಳು ಕಾರ್ಡ್ ಉಜ್ಜಿದ್ದಳು. ಗೆಳತಿ ಕೈಕೊಟ್ಟಳು. ಕನಿಷ್ಠ ಮೊತ್ತ ಮಾತ್ರ ಕಟ್ಟುತ್ತ ಹೋದಂತೆ ಸಾಲ ಕರಗುವ ಬದಲು ಉಬ್ಬಿತು. ಕಂತು ತಪ್ಪಿತು. ವಸೂಲಿಯವರ ಫೋನು ಬೆಳಗಿನಿಂದ ಶುರುವಾಗುತ್ತಿತ್ತು. ಆಮೇಲೆ ಒಂದು ದಿನ ಎಲ್ಲವೂ ನಿಂತಿತು. ಫೋನಿಲ್ಲ, ಕಾಗದವಿಲ್ಲ, ಬೈಗುಳವಿಲ್ಲ. ಆ ಮೌನ ಬೈಗುಳಕ್ಕಿಂತ ಭಯಂಕರವಾಗಿತ್ತು. ಆದರೂ ಅವಳು ಕಟ್ಟುವುದನ್ನು ನಿಲ್ಲಿಸಲಿಲ್ಲ.

ಈಗ ಲ್ಯಾಬಿನ ಯಜಮಾನರು ನಿವೃತ್ತರಾಗುತ್ತಿದ್ದರು. "ತಿಂಗಳ ಕೊನೆಯೊಳಗೆ ಸಾಲ ಸಿಕ್ಕಿದ್ರೆ ಲ್ಯಾಬ್ ನಿಂದೇ ಮಗಳೇ. ಇಲ್ದಿದ್ರೆ ಬೇರೆಯವರು ಕಾಯ್ತಿದ್ದಾರೆ" ಎಂದಿದ್ದರು. ಆದರೆ ಸತ್ತವಳಿಗೆ ಸಾಲ ಕೊಡುವವರು ಯಾರು?

ಅವಳು ಕುಲುಮೆಯ ಸ್ವಿಚ್ ಒತ್ತಿದಳು. ಸಣ್ಣ ಗುಂಯ್ ಸದ್ದು ಎದ್ದಿತು. ಆ ಸದ್ದಿನೊಳಗಿಂದ ಒಂದು ದನಿ ನೆನಪಾಯಿತು...

"ನಿಮ್ಮ ಹಿಂದೆ ಗುಂಯ್ ಅಂತಿರೋದು ಏನು ಮೇಡಂ?"

"ಹಲ್ಲು ಬೇಯಿಸೋ ಕುಲುಮೆ. ನಿಮ್ಮ ಹಲ್ಲು ಉದುರಿದ್ರೆ ಹೇಳಿ, ರಿಯಾಯಿತಿ ಕೊಡ್ತೀನಿ!"

ವಸೂಲಿಯವರಲ್ಲಿ ಒಬ್ಬನೇ ಒಬ್ಬ ಅದಕ್ಕೆ ನಕ್ಕಿದ್ದ. "ಕನಿಷ್ಠ ಮೊತ್ತ ಅಂತ ಕಟ್ಟಿದ್ರೆ ಬಡ್ಡಿಗೇ ಹೋಗುತ್ತೆ. ಕಾರ್ಡ್ ಬಳಸೋದು ನಿಲ್ಲಿಸಿ, ಕೈಲಾದಷ್ಟು ಹೆಚ್ಚು ಕಟ್ಟಿ. ನಾನು ಹೇಳ್ದೆ ಅಂತ ಹೇಳ್ಬೇಡಿ" ಎಂದು ಕಲಿಸಿಕೊಟ್ಟಿದ್ದ.

ಬ್ಯಾಂಕಿನ ಆ ಗುಮಾಸ್ತ ಅವನೇ! ಅದೇ ದನಿ!

*

"ನೀವೇ ತಾನೇ ನನ್ನನ್ನ ಸಾಯಿಸಿದ್ದು?"

ಮರುದಿನ ಅವಳು ಅವನ ಮೇಜಿನ ಮುಂದೆ ನಿಂತೇ ಕೇಳಿದಳು. ಅವನು ತಲೆ ತಗ್ಗಿಸಿದ.

"ಹೌದು."

"ಯಾಕೆ? ಟಾರ್ಗೆಟ್ ಮುಗಿಸೋಕಾ? ಒಂದು ಫೈಲ್ ಕಡಿಮೆಯಾಗ್ಲಿ ಅಂತ ಜೀವಂತ ಹೆಣ್ಣನ್ನ ಹೂತುಬಿಟ್ರಾ?"

"ಆಗ ನಾನು ವಸೂಲಿ ವಿಭಾಗದಲ್ಲಿದ್ದೆ. ನಿಮ್ಮ ಮನೆಗೆ ಫೋನ್ ಮಾಡಿದ್ದೆ. ಒಬ್ಬ ಹೆಂಗಸು ಅಳ್ತಾ ಹೇಳಿದ್ರು, ಅವಳು ಹೋಗಿಬಿಟ್ಲು, ಇನ್ನು ಫೋನ್ ಮಾಡ್ಬೇಡಿ ಅಂತ. ಮರಣ ಪ್ರಮಾಣಪತ್ರ ತರಿಸಿಕೊಳ್ಳದೆ ಹಾಗೆ ಬರೀಬಾರದು, ಅದು ನಿಯಮ. ಆದ್ರೆ ಮತ್ತೆ ಆ ಮನೆಗೆ ಫೋನ್ ಮಾಡಿ ನಿಮ್ಮ ಸಾವಿನ ಕಾಗದ ಕೇಳೋಕೆ... ನನ್ನಿಂದ ಆಗ್ಲಿಲ್ಲ."

"ಸುಳ್ಳು!"

"ಮುಂದಿನ ತಿಂಗಳು ಕಂತು ಬಂತು. ಮನೆಯವರು ಕಟ್ಟಿರಬೇಕು ಅಂದ್ಕೊಂಡೆ. ಆದ್ರೆ ಕಟ್ಟಿದವರ ಹೆಸರಿನ ಜಾಗದಲ್ಲಿ ನಿಮ್ಮ ಹೆಸರೇ! ಪ್ರತಿ ತಿಂಗಳೂ... ನೋಡೋಕೆ ಭಯ. ಬರೋದು ತಡವಾದ್ರೆ ಇನ್ನೂ ಭಯ."

ಅವಳು ನಂಬಲಿಲ್ಲ. ನಂಬಬಾರದೆಂದೇ ಬಿರಬಿರನೆ ನಡೆದಳು. ಆದರೆ ಮನೆ ಹತ್ತಿರವಾದಂತೆ ಹೆಜ್ಜೆ ಭಾರವಾಯಿತು. ಆ ಮನೆಯಲ್ಲಿ ಅವಳದಲ್ಲದ ಹೆಣ್ಣುದನಿ ಒಂದೇ... ಅವಳನ್ನು ಸಾಕಿದ ಸೋದರತ್ತೆಯದು.

*

"ಅತ್ತೆ, ನಾನು ಸತ್ತೆ ಅಂತ ಬ್ಯಾಂಕಿಗೆ ಹೇಳಿದ್ಯಾ?"

ಅತ್ತೆ ಬಟ್ಟೆ ಮಡಚುವುದನ್ನು ನಿಲ್ಲಿಸಲಿಲ್ಲ. "ಹೇಳ್ದೆ. ಫೋನು ನಿಲ್ತೋ ಇಲ್ವೋ?"

"ಅತ್ತೆ!"

"ನೀನು ಊಟ ಬಿಟ್ಟಿದ್ದೆ, ನಿದ್ದೆ ಬಿಟ್ಟಿದ್ದೆ. ಫೋನ್ ಅಂದ್ರೆ ನಡುಗ್ತಿದ್ದೆ. ಹಾಗೇ ಬಿಟ್ಟಿದ್ರೆ ನಿಜವಾಗ್ಲೂ ಸಾಯ್ತಿದ್ದೆ. ಅದಕ್ಕೇ ಮೊದಲೇ ಸಾಯಿಸಿಬಿಟ್ಟೆ." ಅತ್ತೆಯ ಕೈ ಈಗ ನಿಂತಿತು. "ಇನ್ನೂ ಒಂದು ಮಾತಿದೆ ಕಣೇ. ನಾನು ಅತ್ತಿದ್ದು ನಾಟಕ. ಆದ್ರೆ ಆ ಕಡೆಯಿಂದಲೂ ಅಳು ಕೇಳಿಸ್ತು. ಬಿಕ್ಕಿ ಬಿಕ್ಕಿ ಅಳು... ಮೈ ಜುಂ ಅಂತು. ಸಾಲ ಕೇಳೋಕೆ ಫೋನ್ ಮಾಡಿದವನು ಹಾಗೆ ಅಳ್ತಾನಾ?"

ಅವಳು ಗೋಡೆಗೆ ಒರಗಿದಳು. ತಾನು ಬದುಕಿರುವಾಗಲೇ, ಮುಖ ಕಾಣದ ಯಾವನೋ ಒಬ್ಬ, ತನಗಾಗಿ ಅತ್ತಿದ್ದ...

*

ಕೆಲವು ದಿನ ಕಳೆದು ಮತ್ತೆ ಬ್ಯಾಂಕಿಗೆ ಹೋದಾಗ ಅವನ ಕುರ್ಚಿಯಲ್ಲಿ ಬೇರೊಬ್ಬ ಹೆಂಗಸು ಕುಳಿತಿದ್ದಳು.

"ಅವರು ಇನ್ನು ಬರಲ್ಲ. ತಪ್ಪು ನಂದೇ ಅಂತ ಬರೆದುಕೊಟ್ರು, ಕೆಲಸ ಹೋಯ್ತು. ಇಷ್ಟು ಬೇಗ ನಿಮ್ಮ ದಾಖಲೆ ತಿದ್ದಿದ್ದೂ ಅದರಿಂದಲೇ." ಆ ಹೆಂಗಸು ಪರದೆಯನ್ನು ಈಚೆ ತಿರುಗಿಸಿದಳು. "ನೋಡಿ, ಜೀವ ಬಂತು! ಸ್ಕೋರ್ ಕಡಿಮೆಯೇ. ಹಿಂದೆ ತಪ್ಪಿದ ಕಂತುಗಳು ಹಾಗೇ ಉಳ್ಕೊಳ್ತವೆ. ಆದ್ರೆ ಸತ್ತಿದ್ದಾಗ ಕಟ್ಟಿದ್ದೆಲ್ಲ ಸೇರಿದೆ. ಲ್ಯಾಬಿನ ಯಂತ್ರಗಳ ಅಡಮಾನದ ಮೇಲೆ ಸಾಲ ಕೊಡ್ತಾರೆ."

ಅಂದರೆ ಲ್ಯಾಬ್ ಇನ್ನು ಅವಳದೇ! ಆದರೆ ಬಾಯಿಂದ ಬಂದ ಮಾತು ಬೇರೆ.

"ಅವರು ಎಲ್ಲಿ?"

"ಲೆಕ್ಕ ಚುಕ್ತಾ ಮಾಡೋಕೆ ಬಂದಿದ್ರು. ಈಗಷ್ಟೇ ಹೊರಗೆ ಹೋದ್ರು."

ಅವಳು ಓಡಿದಳು. ಬಸ್ ನಿಲ್ದಾಣದ ಬೆಂಚಿನಲ್ಲಿ ಅವನು ಒಬ್ಬನೇ ಕುಳಿತಿದ್ದ. "ಸಾರ್" ಎಂಬ ಅವಳ ದನಿ ಕೇಳಿದ್ದೇ ಬೆಚ್ಚಿಬಿದ್ದ.

"ಇನ್ನೂ ಭಯಾನಾ?"

"ಅಭ್ಯಾಸ ಆಗಿಲ್ಲ..."

"ನನಗೋಸ್ಕರ ಕೆಲಸ ಕಳ್ಕೊಂಡ್ರಿ."

"ನಿಮ್ಮ ಒಂದು ವರ್ಷವನ್ನೇ ಕಸಿದವನು ನಾನು. ಕೆಲಸ ಹೋದ್ರೂ ಲೆಕ್ಕ ಸರಿಹೋಗಲ್ಲ."

ಅವಳು ಪಕ್ಕದಲ್ಲಿ ಕುಳಿತಳು. "ಒಂದು ಕೇಳ್ಲಾ? ನಾನು ಸತ್ತಾಗ ತುಂಬಾ ಅತ್ರಾ?"

"ಹ್ಞೂಂ. ಪಕ್ಕದ ಮೇಜಿನವರಿಗೆ ನೆಗಡಿ ಅಂದೆ." ಅವನು ರಸ್ತೆ ನೋಡುತ್ತಲೇ ಹೇಳಿದ. "ನಿಮ್ಮ ಮುಖವೇ ನೋಡಿರ್ಲಿಲ್ಲ. ಆದ್ರೂ ಪ್ರೀತಿಸ್ತಿದ್ದೆ. ಅದು ಗೊತ್ತಾಗಿದ್ದೇ ನೀವು ಇಲ್ಲ ಅಂದ ದಿನ."

ಅವಳು ಅಂಗೈ ಚಾಚಿದಳು. "ಮುಟ್ಟಿ ನೋಡಿ."

ಅವನ ಬೆರಳು ಗಾಳಿಯಲ್ಲೇ ತಡೆದು ನಿಂತಿತು. ಆಮೇಲೆ ಮೆಲ್ಲಗೆ ಇಳಿಯಿತು.

"ಬೆಚ್ಚಗಿದೆ..."

"ಅನುಮಾನ ಹೋಯ್ತಾ?"

"ಇಲ್ಲ," ಎಂದ ಅವನು, ಕೈ ಬಿಡದೆ. "ದಿನಾ ನೋಡ್ಬೇಕಾಗುತ್ತೆ."

"ನೋಡಿ," ಎಂದಳು ಅವಳು. "ಬದುಕಿದ್ದೀನಲ್ಲ."