ನೂರಿಪ್ಪತ್ತೆಂಟು ಬಡಿತ

ಕುಣಿಗಲ್ಲಿನ ಆ ಕಲ್ಯಾಣ ಮಂಟಪದಲ್ಲಿ ಅಂದು ಮದುವೆ ಇರಲಿಲ್ಲ. ಧಾರೆ ಎರೆಯುವ ವೇದಿಕೆಯ ಮುಂದೆ ಹಗ್ಗ ಬಿಗಿದು ಬಾಕ್ಸಿಂಗ್ ರಿಂಗ್ ಕಟ್ಟಿದ್ದರು. ‘ವಧುವಿನ ಕೋಣೆ’ ಎಂಬ ಬೋರ್ಡಿದ್ದ ಕೋಣೆಯನ್ನು ಡಾಕ್ಟರಿಗೆ ಬಿಟ್ಟುಕೊಟ್ಟಿದ್ದರು.

ಡಾಕ್ಟರು ಅನುಪಮಾ, ತುಮಕೂರಿನ ಸದಾಶಿವನಗರದವಳು. ರಿಂಗ್ ಹತ್ತುವ ಪ್ರತಿಯೊಬ್ಬನ ನಾಡಿ, ಬಿಪಿ, ಕಣ್ಣು ನೋಡಿ ಅವಳು ಸಹಿ ಹಾಕಬೇಕು. ಅವಳ ಸಹಿ ಬೀಳದೆ ಯಾರೂ ಆಡುವ ಹಾಗಿರಲಿಲ್ಲ.

ಗುಬ್ಬಿಯ ರೇಣುಕಾಪ್ರಸಾದ್ ಒಳಗೆ ಬಂದದ್ದೇ ಬಾಯಿ ತುಂಬ ಆಕಳಿಸುತ್ತ. ರಾಷ್ಟ್ರೀಯ ಕೂಟದಲ್ಲಿ ಎರಡು ಬೆಳ್ಳಿ ಗೆದ್ದವನು. ಎಂಥ ಜಂಬ ಎಂದುಕೊಂಡು ಅವಳು ಅವನ ಮಣಿಕಟ್ಟು ಹಿಡಿದಳು. ಬೆರಳಿನಡಿ ನಾಡಿ ಕುದುರೆಯಂತೆ ಓಡುತ್ತಿತ್ತು. ಗಡಿಯಾರ ನೋಡುತ್ತ ಪೂರ್ತಿ ಒಂದು ನಿಮಿಷ ಎಣಿಸಿದಳು. ನಂಬಿಕೆ ಬರದೆ ಮತ್ತೊಮ್ಮೆ ಎಣಿಸಿದಳು. ನೂರಿಪ್ಪತ್ತೆಂಟು.

"ಜ್ವರ ಇದ್ಯಾ?"

"ಇಲ್ಲ ಡಾಕ್ಟ್ರೇ."

"ಏನಾದ್ರೂ ಮಾತ್ರೆ ತಗೊಂಡಿದೀರಾ? ನಿಜ ಹೇಳಿ. ಇಲ್ದಿದ್ರೆ ಅನ್‌ಫಿಟ್ ಅಂತ ಬರೀತೀನಿ."

ಅವನು ಬಾಗಿಲ ಕಡೆ ತಿರುಗಿ ನೋಡಿದ. ಹೊರಗೆ ಕೋಚ್ ರವಿಕಿರಣ್ ಯಾರಿಗೋ ಜೋರಾಗಿ ಹೇಳುತ್ತಿದ್ದರು: "ನಮ್ಮ ಹುಡುಗನಿಗೆ ಭಯ ಅಂದ್ರೇನು ಅಂತಾನೇ ಗೊತ್ತಿಲ್ಲ ಕಣ್ರೀ. ಈಗ್ಲೂ ಆಕಳಿಸ್ತಾ ಅವ್ನೆ ನೋಡಿ!"

ಅವನು ಮುಂದಕ್ಕೆ ಬಾಗಿ ಪಿಸುಗುಟ್ಟಿದ. "ಭಯ ಡಾಕ್ಟ್ರೇ. ಜ್ವರ ಅಲ್ಲ, ಮಾತ್ರೆ ಅಲ್ಲ. ಭಯ. ಆಕಳಿಕೆ ಬರೋದೂ ಅದಕ್ಕೇ. ಮೆತ್ತಗೆ ಮಾತಾಡಿ, ಆಚೆ ಕೇಳ್ಸುತ್ತೆ."

"ಎರಡು ಬೆಳ್ಳಿ ಗೆದ್ದೋರಿಗೆ ಭಯಾನಾ?"

"ಭಯ ಇದ್ದಿದ್ದಕ್ಕೇ ಗೆದ್ದಿದ್ದು. ಭಯ ಇದ್ರೆ ಕೈ ಗಲ್ಲದ ಹತ್ರಾನೇ ಇರುತ್ತೆ. ಇಲ್ದೋನು ಕೈ ಕೆಳಗೆ ಬಿಡ್ತಾನೆ, ಸರಿಯಾಗಿ ಏಟು ತಿಂತಾನೆ."

"ಮತ್ತೆ ಏನ್ ಮಾಡ್ತೀರಾ ಅದನ್ನ?"

"ಏನೂ ಮಾಡಲ್ಲ. ಜೊತೇಲಿ ಕೂರಿಸ್ಕೊತೀನಿ. ನೆಲದ ಟೈಲ್ಸ್ ಎಣಿಸ್ತೀನಿ. ಗಂಟೆ ಹೊಡೀತಿದ್ದಂಗೆ ಅದು ಕಾಲಿಗೆ ಇಳಿಯುತ್ತೆ, ಕಾಲು ಚುರುಕಾಗುತ್ತೆ." ಅವನ ಕಣ್ಣಿನ ಅಂಚಿನಲ್ಲಿ ತುಂಟತನ ಇಣುಕಿತು. "ವಧುವಿನ ಕೋಣೆಗೆ ಕರೆಸ್ಕೊಂಡು ಹುಡುಗ ಬೇಡ ಅಂತ ವಾಪಸ್ ಕಳಿಸ್ಬೇಡಿ. ಊರಲ್ಲಿ ಮರ್ಯಾದೆ ಹೋಗುತ್ತೆ."

ಅವಳು ನಗು ತಡೆಯಲು ಪೆನ್ನಿನ ಕ್ಯಾಪ್ ಕಚ್ಚಿಕೊಂಡಳು. ಅರ್ಧ ಗಂಟೆ ಕೂರಿಸಿ, ಎಲ್ಲವನ್ನೂ ಮತ್ತೆ ನೋಡಿ, ಸಹಿ ಹಾಕಿದಳು.

ಆ ದಿನ ಅವನು ಗೆದ್ದ. ಗೆದ್ದವನು ಕೋಚ್ ಬಳಿಗೆ ಹೋಗಲಿಲ್ಲ, ಹಿಂದಿನ ಸಾಲಿಗೆ ನಡೆದ. ಅಲ್ಲಿ ಅವನ ಅಜ್ಜಿ ಕಲ್ಲಮ್ಮ ಎಡ ಅಂಗೈಯನ್ನು ಎದೆಯ ಮಟ್ಟಕ್ಕೆ ಹಿಡಿದು ಅಲುಗಾಡದೆ ಕುಳಿತಿದ್ದರು. ಅಂಗೈ ಮೇಲೆ ಅವನ ಇಷ್ಟಲಿಂಗದ ಬೆಳ್ಳಿ ಕರಡಿಗೆ. ರಿಂಗಿನಲ್ಲಿ ಕೊರಳಲ್ಲಿ ಏನೂ ಇರಬಾರದೆಂಬುದು ಆಟದ ನಿಯಮ. ಲಿಂಗ ಮೈಬಿಟ್ಟು ಇರಬಾರದೆಂಬುದು ಮನೆಯ ನಿಯಮ. ಕಲ್ಲಮ್ಮ ಮಠದ ಅಯ್ಯನವರನ್ನೇ ಹೋಗಿ ಕೇಳಿದ್ದರಂತೆ. ತೆಗೆಯಲೇಬೇಕಾದರೆ ಚೀಲಕ್ಕೆ ಹಾಕಬೇಡಿ, ನಿಮ್ಮವರೊಬ್ಬರ ಅಂಗೈ ಮೇಲಿರಲಿ ಎಂದು ಅವರು ಹೇಳಿದ್ದರಂತೆ. ಅಂದಿನಿಂದ ಅದು ಅಜ್ಜಿಯ ಕೆಲಸ.

ಮೊಮ್ಮಗ ಕರಡಿಗೆಯನ್ನು ಕೊರಳಿಗೆ ಹಾಕಿಕೊಂಡ ಮೇಲೆಯೇ ಅಜ್ಜಿ ನೀರಿನ ಬಾಟಲಿಗೆ ಕೈ ಚಾಚಿದರು.

"ಬೆಳಗಿಂದ ಕುಡಿದಿಲ್ವಾ ಅಜ್ಜಿ?" ಎಂದಳು ಅನುಪಮಾ.

"ಇವನು ಆಚೆ ಬರೋಗಂಟ ನನ್ನ ಗಂಟಲಿಗೆ ನೀರು ಇಳಿಯಾಕಿಲ್ಲ ಕಣವ್ವ. ಅದು ಇವನಿಗೂ ಗೊತ್ತು. ಅದಕ್ಕೇ ಬ್ಯಾಗ ಮುಗಿಸ್ಕೊಂಡು ಬತ್ತಾನೆ," ಎಂದು ಬೊಚ್ಚುಬಾಯಿ ತೆರೆದು ನಕ್ಕರು.

ಆಮೇಲೆ ಅವನಿಂದ ಮೆಸೇಜುಗಳು ಬರತೊಡಗಿದವು. ಅವುಗಳಲ್ಲಿ ಅಕ್ಷರಗಳಿರುತ್ತಿರಲಿಲ್ಲ. ರೋಹ್ತಕ್‌ನಿಂದ 124. ಗುವಾಹಟಿಯಿಂದ 131. ಪ್ರತಿ ಆಟಕ್ಕೆ ಮುಂಚೆ ತನ್ನ ನಾಡಿ ತಾನೇ ಎಣಿಸಿ ಕಳಿಸುತ್ತಿದ್ದ. "ನೀರು ಕುಡೀರಿ, ನಿಧಾನ ಉಸಿರು ಬಿಡಿ" ಎಂದು ಅವಳು ಬರೆಯುತ್ತಿದ್ದಳು. ಒಂದು ಶನಿವಾರ ಸಂಜೆ ಬರಿಯ 112 ಎಂದು ಬಂತು.

"ಇವತ್ತು ಆಟ ಇಲ್ವಲ್ಲ?"

"ಇಲ್ಲ. ನಿಮ್ಮ ಆಸ್ಪತ್ರೆ ಗೇಟ್ ಹತ್ರ ನಿಂತಿದೀನಿ."

ಕಿಟಕಿಯಿಂದ ಬಗ್ಗಿ ನೋಡಿದಳು. ಎಳನೀರಿನ ಗಾಡಿಯ ಪಕ್ಕದಲ್ಲಿ ನಿಂತು, ನೆಲ ನೋಡುತ್ತ ಅವನು ಆಕಳಿಸುತ್ತಿದ್ದ. ಅವಳಿಗೆ ಆ ಆಕಳಿಕೆಗಿಂತ ಚೆಂದದ ಮಾತು ಯಾರೂ ಆಡಿದಂತೆ ಅನಿಸಲಿಲ್ಲ.

ಆದರೂ ಒಂದು ವರ್ಷ ಇಬ್ಬರೂ ಬಾಯಿಬಿಟ್ಟು ಏನೂ ಹೇಳಲಿಲ್ಲ. ತಲೆಗೆ ಪೆಟ್ಟು ಬಿದ್ದವರ ಸ್ಕ್ಯಾನ್‌ಗಳನ್ನು ದಿನವೂ ನೋಡುವವಳು ಅವಳು. ಪೆಟ್ಟು ತಿನ್ನುವುದೇ ಕಸುಬಾದವನ ದಾರಿ ಕಾಯುತ್ತ ಬದುಕಲು ತನ್ನಿಂದಾದೀತೇ ಎಂದು ದೇವರ ಮುಂದೆ ಕೈಮುಗಿದು ನಿಂತಾಗೆಲ್ಲ ಕೇಳಿಕೊಳ್ಳುತ್ತಿದ್ದಳು. ಉತ್ತರ ಬಂದಿರಲಿಲ್ಲ.

ಆ ಮಾಘದಲ್ಲಿ ಕಲ್ಲಮ್ಮ ಲಿಂಗೈಕ್ಯರಾದರು. ಬೆಳಿಗ್ಗೆ ಪೂಜೆಗೆ ಕುಳಿತವರು ಏಳಲಿಲ್ಲ. ಗುಬ್ಬಿಯ ತೋಟದ ಅಂಚಿನಲ್ಲಿ, ಹಣೆಗೆ ವಿಭೂತಿ ಬಳಿದು, ಎಡ ಅಂಗೈಯಲ್ಲಿ ಅವರದೇ ಲಿಂಗವನ್ನಿಟ್ಟು, ಕುಳಿತಂತೆಯೇ ಸಮಾಧಿ ಮಾಡಿದರು. ಎಷ್ಟು ಸಲ ತನಗಾಗಿ ಚಾಚಿದ್ದ ಅಂಗೈ ಅದು! ಬಿಲ್ವಪತ್ರೆ ಹಾಕಿ, ಒಂದು ಹಿಡಿ ಮಣ್ಣು ಹಾಕುವಾಗ ರೇಣುಕಾಪ್ರಸಾದ್ ಅಳಲಿಲ್ಲ. ಅಂದಿನಿಂದ ಅವನ ಮೆಸೇಜುಗಳೂ ನಿಂತವು.

ಹನ್ನೊಂದನೆಯ ದಿನದ ಗಣಾರಾಧನೆ ಮುಗಿದು ನಾಲ್ಕು ದಿನಕ್ಕೆ ತುಮಕೂರಿನಲ್ಲಿ ಆಯ್ಕೆಯ ಆಟ. ಗೆದ್ದರೆ ಭಾರತ ತಂಡದ ಕ್ಯಾಂಪು. ಡಾಕ್ಟರ ಮೇಜಿನ ಬಳಿ ಆ ದಿನ ಇಬ್ಬರಿದ್ದರು, ಅನುಪಮಾ ಮತ್ತು ಅವಳ ಸೀನಿಯರ್ ಡಾಕ್ಟರ್ ಸಿದ್ಧಾರ್ಥ್. ರೇಣುಕಾಪ್ರಸಾದ್ ಬಂದು ಅವಳ ಮುಂದೆ ಕುಳಿತ. ಆಕಳಿಸಲಿಲ್ಲ.

ಅವಳು ಮಣಿಕಟ್ಟು ಹಿಡಿದಳು. ಒಂದು ನಿಮಿಷ. ಅರವತ್ತಾರು.

ಬೇರೆ ಯಾರ ನಾಡಿಯಾಗಿದ್ದರೂ ಕಣ್ಣು ಮುಚ್ಚಿ ಸಹಿ ಹಾಕಬಹುದಾಗಿತ್ತು. ಅವಳು ಮತ್ತೊಮ್ಮೆ ಎಣಿಸಿದಳು, ಅಷ್ಟೇ ಬಂತು.

"ಟೈಲ್ಸ್ ಎಣಿಸಿದ್ರಾ?"

"ಇಲ್ಲ. ಇವತ್ತು ಏನೂ ಬೇಕಾಗಿಲ್ಲ ಕಣ್ರೀ. ಆರಾಮಾಗಿದೀನಿ."

"ಕರಡಿಗೆ ಎಲ್ಲಿ?"

"ಬ್ಯಾಗಲ್ಲಿದೆ."

"ಬ್ಯಾಗಲ್ಲಾ? ಶೂ ಇಡೋ ಬ್ಯಾಗಲ್ಲಾ?"

"ಇನ್ನೆಲ್ಲಿಡ್ಲಿ? ಹಿಡ್ಕೊಳೋರು ಯಾರಿದಾರೆ?" ಅವನ ದನಿ ಏರಲಿಲ್ಲ, ಇಳಿಯಲಿಲ್ಲ. "ಮೊದ್ಲು ಅಲ್ಲೊಬ್ರು ನೀರು ಕುಡೀದೆ ಕೂತಿರ್ತಾರೆ ಅನ್ನೋ ಯೋಚ್ನೆ ಇರ್ತಿತ್ತು. ಈಗ ಅದಿಲ್ಲ. ಹೊಡೆದ್ರೆ ಹೊಡೀಲಿ. ಬಿದ್ರೆ ಬೀಳ್ತೀನಿ. ಸಹಿ ಹಾಕಿ."

ಬಾಗಿಲಲ್ಲಿ ರವಿಕಿರಣ್ ಇಣುಕಿ, "ಏನ್ಲಾ, ಆಯ್ತಾ? ನೋಡಿ ಡಾಕ್ಟ್ರೇ, ಹೆಂಗೆ ಬಂಡೆ ಥರ ಕೂತವ್ನೆ!" ಎಂದು ಹೋದರು.

ಹೋದವರು ನಮ್ಮ ಭಯವನ್ನೂ ಜೊತೆಗೆ ಒಯ್ದಾಗ, ಉಳಿದವರು ಅದನ್ನು ಧೈರ್ಯವೆಂದು ಹೊಗಳುವುದುಂಟು. ಅನುಪಮಾಳ ಕಣ್ಣಿಗೆ ಕಂಡದ್ದು ಮಾತ್ರ ಕೆಳಗೆ ಬಿಟ್ಟ ಎರಡು ಕೈಗಳು. ಅನ್‌ಫಿಟ್ ಎಂದು ಬರೆದರೆ ಅವನ ಹತ್ತು ವರ್ಷದ ಬೆವರು ಮಣ್ಣಾಗುತ್ತದೆ. ಸಹಿ ಹಾಕಿದರೆ ಇವನು ಈ ಕೈಗಳನ್ನು ಎತ್ತುವುದಿಲ್ಲ.

ಅವಳು ಪೆನ್ನು ಕೆಳಗಿಟ್ಟಳು. ಮಣಿಕಟ್ಟು ಬಿಡಲಿಲ್ಲ.

"ರೇಣು, ನಂಗೆ ಭಯ ಆಗ್ತಿದೆ."

ಅವನು ತಲೆ ಎತ್ತಿದ. ಅವಳು ಹಾಗೆ ಕರೆದದ್ದು ಅದೇ ಮೊದಲು.

"ಒಂದು ವರ್ಷದಿಂದ ಆಗ್ತಿದೆ. ನೀವು ನಂಬರ್ ಕಳಿಸ್ದಾಗೆಲ್ಲ ಆಟ ಮುಗಿಯೋವರ್ಗೂ ಊಟ ಸೇರ್ತಿರ್ಲಿಲ್ಲ. ಇಂಥೋರ ಸಹವಾಸ ಬೇಡ ಅಂತ ಎಷ್ಟು ಸಲ ಅಂದ್ಕೊಂಡಿದೀನೋ. ಆಗ್ಲಿಲ್ಲ. ನಿಮಗೆ ಹಿಡ್ಕೊಳೋರು ಯಾರೂ ಇಲ್ಲ ಅಂದ್ರಲ್ಲ, ನಾನೇನು ಸತ್ತೋಗಿದೀನಾ?"

ಅವಳ ಬೆರಳಿನಡಿ ಏನೋ ಎಚ್ಚರಗೊಂಡಿತು. ಮೊದಲು ಒಂದು ತಪ್ಪಿದ ಬಡಿತ, ಆಮೇಲೆ ಎರಡು ಅವಸರದವು, ಆಮೇಲೆ ಕುಣಿಗಲ್ಲಿನ ಆ ಕುದುರೆ. ಹದಿನೈದು ದಿನ ಒಣಗಿದ್ದ ಅವನ ಕಣ್ಣು ತುಂಬಿ ಬಂತು. ಅಳುವನ್ನು ತಡೆಯಲು ಹೋಗಿ ಅವನು ದೊಡ್ಡದಾಗಿ ಆಕಳಿಸಿದ.

ಅವಳು ಪಕ್ಕಕ್ಕೆ ತಿರುಗಿ ಕಾಗದವನ್ನು ಸರಿಸಿದಳು. "ಸರ್, ಇವರನ್ನ ನೀವು ನೋಡಿ. ಇನ್ಮೇಲೆ ನಾನು ನೋಡೋ ಹಾಗಿಲ್ಲ."

ಸಿದ್ಧಾರ್ಥ್ ಕನ್ನಡಕದ ಮೇಲಿಂದ ನೋಡಿದರು. "ಯಾಕ್ರೀ? ಸಂಬಂಧಿಕರಾ?"

"ಆಗ್ತಾರೆ," ಎಂದಳು.

ಸಿದ್ಧಾರ್ಥ್ ಅವಸರ ಮಾಡಲಿಲ್ಲ. ಮನೆಯ ಸಾವಿನ ಬಗ್ಗೆ, ನಿದ್ದೆಯ ಬಗ್ಗೆ ಕೇಳಿದರು. "ಆಡ್ಬೇಕು ಅಂತ ಇದ್ಯೇನಪ್ಪಾ?" ಎಂದರು. ಅವನು ಅವಳ ಕಡೆ ನೋಡಿ, "ಆಡಿ ವಾಪಸ್ ಬರ್ಬೇಕು ಅಂತ ಇದೆ ಸಾರ್," ಎಂದ. ನಾಡಿ ಇಳಿಯುವವರೆಗೆ ಕಾದು ಅವರು ಸಹಿ ಹಾಕಿದರು.

ಬ್ಯಾಗಿನಿಂದ ಕರಡಿಗೆ ತಂದು, ಕಣ್ಣಿಗೊತ್ತಿಕೊಂಡು, ಅವಳ ಎಡ ಅಂಗೈ ಮೇಲಿಟ್ಟ. "ನೀರು..." ಎಂದು ಶುರುಮಾಡಿದ.

"ಗೊತ್ತು. ಬೇಗ ಬನ್ನಿ."

ಮೊದಲನೆಯ ಸುತ್ತಿನಲ್ಲಿ ಅವನು ಎರಡು ಪೆಟ್ಟು ತಿಂದ. ಹುಬ್ಬು ಊದಿತು. ಎರಡನೆಯ ಸುತ್ತಿನಲ್ಲಿ ಎದುರಾಳಿ ನುಗ್ಗಿ ಬಂದಾಗ ಅವನು ಒಂದು ಹೆಜ್ಜೆ ಹಿಂದಕ್ಕಿಟ್ಟು ಕೈಗಳನ್ನು ಗಲ್ಲಕ್ಕೆ ತಂದ. "ಯಾಕ್ಲಾ ಹೆದರ್ತೀಯಾ!" ಎಂದು ರವಿಕಿರಣ್ ಕೂಗಿದರು. ಗ್ಯಾಲರಿಯಲ್ಲಿ ಕುಳಿತ ಅನುಪಮಾಳ ಎದೆ ಹಗುರಾಯಿತು. ಹೆದರಲಿ ತಂದೆ, ಇನ್ನಷ್ಟು ಹೆದರಲಿ ಎಂದು ಬೇಡಿಕೊಂಡಳು. ಪಕ್ಕದ ಹೆಂಗಸು ಅವಳ ಮುಖ ನೋಡಿ ಬಾಟಲಿ ಚಾಚಿದಳು. ನಾಲಿಗೆ ಒಣಗಿ ಅಂಗುಳಿಗೆ ಅಂಟಿತ್ತು. "ಬೇಡಮ್ಮ, ಆಮೇಲೆ," ಎಂದಳು.

ಮೂರನೆಯ ಸುತ್ತು ಮುಗಿದಾಗ ರೆಫರಿ ಎತ್ತಿದ್ದು ಇನ್ನೊಬ್ಬನ ಕೈ. ಐವರಲ್ಲಿ ಮೂವರು ತೀರ್ಪುಗಾರರು ಎದುರಾಳಿಯ ಕಡೆ. ಈ ವರ್ಷದ ಕ್ಯಾಂಪು ಹೋಯಿತು.

ರೇಣುಕಾಪ್ರಸಾದ್ ಎದುರಾಳಿಯನ್ನು ತಬ್ಬಿ, ರಿಂಗ್ ಇಳಿದು, ಮೆಟ್ಟಿಲು ಹತ್ತಿ ಮೇಲೆ ಬಂದ. ಒಂದು ಕಣ್ಣು ಅರ್ಧ ಮುಚ್ಚಿತ್ತು. ಅವಳ ಮುಂದೆ ತಲೆ ಬಗ್ಗಿಸಿದ. ಅವಳು ಕರಡಿಗೆಯ ಶಿವದಾರವನ್ನು ಅವನ ಕೊರಳಿಗೆ ಹಾಕಿದಳು.

ಅವನು ಪಕ್ಕದ ಸೀಟಿನ ಮೇಲಿದ್ದ ಬಾಟಲಿಯನ್ನು ಬ್ಯಾಂಡೇಜು ಸುತ್ತಿದ ಕೈಗಳಲ್ಲಿ ಹಿಡಿದು ಮುಚ್ಚಳ ತಿರುಗಿಸಲು ಹೆಣಗಿದ. ಆಗಲಿಲ್ಲ. ಹಾಗೆಯೇ ಅವಳತ್ತ ಚಾಚಿದ.

"ಮೊದ್ಲು ನೀರು ಕುಡೀರಿ," ಎಂದ.