‘ನಾನೇ’ ಅಂದ ಸೊಸೆ

ಹಾಸಿಗೆ ಅಂಗಡಿಯ ಯಜಮಾನತಿ ಹಾಸಿಗೆಯಲ್ಲೇ ಹೋಗಿದ್ದಳು. ಮಧ್ಯಾಹ್ನ ಊಟ ಮಾಡಿ ಅಡ್ಡಾದವಳು ಸಂಜೆ ಏಳಲಿಲ್ಲ. ಬೇರೆ ಬೀದಿಯಲ್ಲಿದ್ದ ಮಗಳು ಬಂದು ನೋಡಿದಾಗ ಹೊದಿಕೆ ಎದೆಯ ತನಕ ನೀಟಾಗಿ ಎಳೆದಿತ್ತು. ತಲೆ ದಿಂಬಿನ ಮೇಲಿತ್ತು. ತುಟಿ ಮಾತ್ರ ನೀಲಿ. ಮಂಚದ ಬುಡದಲ್ಲಿ, ಬರಿ ನೆಲದ ಮೇಲೆ, ಸೊಸೆ ಮೊಣಕಾಲಿಗೆ ಗಲ್ಲ ಊರಿ ಕೂತಿದ್ದಳು.

“ಏನಾಯ್ತೇ ಅಮ್ಮಂಗೆ?”

“ನಾನೇ ಕೊಂದೆ.”

ಪೊಲೀಸರಿಗೆ ಇಷ್ಟು ಸಲೀಸಾದ ಕೇಸು ಸಿಕ್ಕಿ ಬಹಳ ಕಾಲವಾಗಿತ್ತು. ಬಾಣಂತಿ. ನಿದ್ದೆಯಿಲ್ಲ. ತನ್ನ ಪಾಡಿಗೆ ಗೊಣಗುತ್ತಾಳೆ, ಹೆತ್ತ ಕೂಸನ್ನು ಮುಟ್ಟಲು ಹೆದರುತ್ತಾಳೆ. ಮಗುವಿಗೆ ಇನ್ನೂ ಹೆಸರಿಟ್ಟಿರಲಿಲ್ಲ. ತಾಯಿಗೆ ಮಾತ್ರ ಬೀದಿಯವರು ‘ಹುಚ್ಚಿ’ ಅಂತ ಇಟ್ಟಾಗಿತ್ತು. ಮೂಗು ಬಾಯಿ ಒತ್ತಿ ಕೊಂದಿದ್ದಾರೆ ಅಂತ ಶವಪರೀಕ್ಷೆ ಹೇಳಿತು, ದಿಂಬಿನಲ್ಲಿ ಅಂತ ಪೊಲೀಸರು ಹೇಳಿದರು, ನಾನೇ ಅಂತ ಸೊಸೆ ಹೇಳಿದಳು. ಕೇಳುವವರು ಯಾರೂ ಉಳಿಯಲಿಲ್ಲ.

ಒಬ್ಬಳು ಉಳಿದಿದ್ದಳು. ಸೊಸೆಯ ಪರ ನಿಂತ ವಕೀಲೆ. ಸಲೀಸಾಗಿ ಓಡುವ ಕೇಸು ಕಂಡರೆ ಇವಳ ಕಾಲು ತಾನಾಗಿ ಅಡ್ಡ ಹೋಗುತ್ತದೆಂದು ಕೋರ್ಟಿನವರು ಅವಳನ್ನು ‘ಅಡ್ಡಗಾಲಮ್ಮ’ ಅನ್ನುತ್ತಿದ್ದರು. ಬೆನ್ನ ಹಿಂದೆ ಅಂದದ್ದು ಕಿವಿಗೆ ಬಿದ್ದಾಗ ಅವಳಿಗೆ ಬೇಜಾರಾಗಲಿಲ್ಲ. ಬೆನ್ನು ತಟ್ಟಿದಂತೆಯೇ ತಿಳಿದಳು.

ವಿಚಾರಣೆಯ ದಿನ ಸರ್ಕಾರಿ ವಕೀಲರು ಅವಳನ್ನು ಮೆಟ್ಟಿಲ ಬಳಿ ಹಿಡಿದರು.

“ಮೇಡಂ, ಬುದ್ಧಿ ಸ್ವಾಧೀನದಲ್ಲಿ ಇರಲಿಲ್ಲ ಅಂತ ಒಂದು ಮಾತು ಅಂದುಬಿಡಿ. ಜೈಲಿಲ್ಲ, ಆಸ್ಪತ್ರೆ. ನಾನೂ ತಕರಾರು ಮಾಡಲ್ಲ. ಎಲ್ಲರೂ ಹೊತ್ತಿಗೆ ಸರಿಯಾಗಿ ಊಟಕ್ಕೆ ಕೂರಬಹುದು.”

“ಮಗು?”

“ಅಪ್ಪನ ಹತ್ರ. ಕೊಂದವಳ ಕೈಗೆ ಯಾರಾದ್ರೂ ಕೂಸು ಕೊಡ್ತಾರಾ?”

“ಕೊಂದಿದ್ರೆ ತಾನೇ?”

“ಅವಳೇ ಒಪ್ಪಿದಾಳಲ್ಲ.”

“ಅವಳಿಗೆ ಕಾಯಿಲೆ ಇದೆ. ಕೊಲೆ ಮಾಡಿಲ್ಲ. ಕಾಯಿಲೆ, ಕೊಲೆ, ಎರಡೂ ‘ಕ’ದಲ್ಲೇ ಶುರುವಾಗುತ್ತೆ ಅಂತ ಒಂದೇ ಡಬ್ಬಕ್ಕೆ ತುಂಬಬೇಡಿ.”

ಅಂದದ್ದೇನೋ ಅಂದಳು. ಕೈಯಲ್ಲಿ ಪುರಾವೆ ಅಂತ ಒಂದು ಎಳೆ ದಾರವೂ ಇರಲಿಲ್ಲ. ಅವಳಿಗೆ ಗೊತ್ತಿದ್ದದ್ದು ಒಂದೇ: ಇವತ್ತು ಸೋತರೆ ಕಟಕಟೆಯಲ್ಲಿ ನಿಂತ ಆ ಹೆಣ್ಣು ತನ್ನ ಮಗಳನ್ನು ಇನ್ನು ಕಾಣುವುದಿಲ್ಲ.

ಮೊದಲು ಸೊಸೆಯನ್ನೇ ಕೇಳಿದಳು.

“ಅತ್ತೇನ ಯಾರು ಕೊಂದಿದ್ದು?”

“ನಾನೇ.”

“ಜೈಲಲ್ಲಿ ಹೋದ ವಾರ ನೀರು ನಿಂತುಹೋಯ್ತಲ್ಲ, ಅದು?”

ಸೊಸೆ ಯೋಚಿಸಿದಳು. “ನಾನೇ. ನಿಲ್ಲುತ್ತೆ ಅಂತ ಅಂದ್ಕೊಂಡಿದ್ದೆ. ನಿಂತೇಹೋಯ್ತು.”

“ಈ ಫ್ಯಾನು ತಿರುಗ್ತಿಲ್ಲವಲ್ಲ?”

ಅವಳು ತಲೆಯೆತ್ತಿ ನೋಡಿದಳು. ಕಣ್ಣು ತುಂಬಿತು. “ಅದೂ ನಾನೇ ಇರಬೇಕು.”

ಹಿಂದಿನ ಬೆಂಚುಗಳು ಕಿಸಕ್ಕೆಂದವು.

“ನಗೋರು ಆಚೆ ಹೋಗಿ ನಗಿ,” ಎಂದಳು ಅಡ್ಡಗಾಲಮ್ಮ, ತಿರುಗಿಯೂ ನೋಡದೆ.

ನ್ಯಾಯಾಧೀಶರು ಫ್ಯಾನಿನ ಕಡೆ ನೋಡಿದರು. “ಅದು ನಾನು ಈ ಕುರ್ಚಿಗೆ ಬರೋಕೆ ಮುಂಚಿನಿಂದ ತಿರುಗ್ತಿಲ್ಲ. ಮುಂದುವರಿಸಿ.”

ಮನೋವೈದ್ಯೆ ಬಂದಳು. ಸೊಸೆಯನ್ನು ಪರೀಕ್ಷಿಸಿದವಳು ಅವಳೇ.

“ಡಾಕ್ಟ್ರೇ, ಇವಳ ಕಾಯಿಲೆ ಏನು?”

“ಹೆರಿಗೆ ಆದ್ಮೇಲೆ ಕೆಲವರಿಗೆ ಬರುತ್ತೆ. ‘ನನ್ನ ಕೈಯಿಂದ ಯಾರಿಗಾದ್ರೂ ಏನಾದ್ರೂ ಆಗಿಬಿಡುತ್ತೆ’ ಅನ್ನೋ ಯೋಚನೆ. ಬೇಡ ಅಂದ್ರೂ ನುಗ್ಗುತ್ತೆ. ಯೋಚನೆ ಬಂದ್ರೆ ಮಾಡಿದಷ್ಟೇ ತಪ್ಪು ಅಂತ ಇವರಿಗೆ ಅನಿಸುತ್ತೆ.”

“ಅದಕ್ಕೇ ಕೊಲ್ತಾರಾ?” ಸರ್ಕಾರಿ ವಕೀಲರು ಕೂತಲ್ಲಿಂದಲೇ ಕೇಳಿದರು.

“ಇವಳದು ಉಲ್ಟಾ. ಭಯ ಹುಟ್ಟಿಸೋ ವಸ್ತುವಿಂದ ದೂರ ಓಡ್ತಾಳೆ. ಚಾಕು ಇದೆ ಅಂತ ಅಡುಗೆಮನೆಗೇ ಹೋಗ್ತಿರಲಿಲ್ಲ. ಇನ್ನೂ ಏನೇನು ಇತ್ತೋ, ಮನೆಯವರನ್ನ ಕೇಳಬೇಕು.”

“ಓಡೋರು ಒಂದಿನ ನಿಲ್ಲಬಹುದಲ್ಲ?”

“ನಿಲ್ಲಬಹುದು. ನಿಂತಳು ಅಂತ ನೀವು ತೋರಿಸಬೇಕು.”

ಮುಂದಿನ ಸಾಕ್ಷಿ, ಮಗು ನೋಡಿಕೊಳ್ಳಲು ಮನೆಯಲ್ಲೇ ಉಳಿದಿದ್ದ ದಾದಿ. ಮಾತಿಗೆ ಬ್ರೇಕಿಲ್ಲದ ಹೆಂಗಸು.

“ಆ ಮಧ್ಯಾಹ್ನ ಎಲ್ಲಿದ್ದೆ?”

“ಪಾಪೂಗೆ ಸೂಜಿ ಹಾಕ್ಸೋಕೆ ಕ್ಲಿನಿಕ್ಕಿಗೆ ಹೋಗಿದ್ದೆ. ಹೊರಡೋವಾಗ ಸೊಸೆ ಹಿಂದಿನ ಕೋಣೇಲಿ ಕದ ಹಾಕ್ಕೊಂಡಿದ್ಲು. ಬರೋವಾಗ ಬಾಗಿಲಲ್ಲೇ ಪೊಲೀಸಪ್ಪ ತಡೆದ. ಒಳಗೂ ಬಿಡಲಿಲ್ಲ, ಸಂಬಳಾನೂ ಇಲ್ಲ.”

“ಅತ್ತೆ ಸೊಸೆ ಹೇಗಿದ್ರು?”

“ಅಮ್ಮೋರು ಸೊಸೇನ ಹೆತ್ತ ಮಗಳ ಥರ ನೋಡ್ತಿದ್ರು. ಅವಳು ಏನಕ್ಕೆ ಹೆದರಿದ್ರೂ ತಕ್ಷಣ ಅದನ್ನ ಎತ್ತಿಡೋರು. ಕತ್ತರಿ ಹೋಯ್ತು, ಇಸ್ತ್ರಿಪೆಟ್ಟಿಗೆ ಹೋಯ್ತು. ಕೊನೆಕೊನೆಗೆ ಸೀರೆ ಮಡಚಿ ತಲೆಗಿಟ್ಟುಕೊಂಡು ಮಲಗೋ ಹಾಗಾಯ್ತು. ನನ್ನ ಕತ್ತು ನೋಡಿ ಸ್ವಾಮಿ, ಇನ್ನೂ ಈ ಕಡೆ ತಿರುಗಲ್ಲ—”

“ಕತ್ತಿನ ವಿಷಯ ಬೇಡ,” ಎಂದರು ನ್ಯಾಯಾಧೀಶರು. “ಕೇಳಿದ್ದಕ್ಕೆ ಉತ್ತರ ಹೇಳಮ್ಮ.”

ಅಡ್ಡಗಾಲಮ್ಮನ ಪೆನ್ನು ನಿಂತಿತು. ಅವಳು ಆ ಮನೆಯನ್ನು ನೋಡಿದ್ದಳು. ಎಲ್ಲ ಕೋಣೆಗೂ ಹೋಗಿ ಬಂದಾಗ ಏನೋ ಖಾಲಿಖಾಲಿ ಅನಿಸಿತ್ತು. ಸತ್ತ ಮನೆ ಅಲ್ಲವೇ, ಖಾಲಿ ಅನಿಸದೆ ಇನ್ನೇನು ಅಂತ ಸುಮ್ಮನಾಗಿದ್ದಳು. ಈಗ ಆ ಖಾಲಿಗೆ ಒಂದು ಆಕಾರ ಬಂತು.

ಸತ್ತವಳ ಮಗಳು, ಸೊಸೆಯ ನಾದಿನಿ, ಕಟಕಟೆಗೆ ಬಂದಳು. ಕೂಸು ಈಗ ಅವಳ ಆರೈಕೆಯಲ್ಲಿತ್ತು. ಅತ್ತಿಗೆಯ ಕಡೆ ಅವಳು ಕಣ್ಣೆತ್ತಲಿಲ್ಲ.

“ನಿಮ್ಮಣ್ಣನಿಗೂ ನಿಮ್ಮಮ್ಮನಿಗೂ ಜಗಳ ಇತ್ತಾ?”

“ಯಾವ ಮನೇಲಿಲ್ಲ?”

“ಯಾವ ಮನೆಯದೂ ಬೇಡ, ನಿಮ್ಮನೇದು ಹೇಳಿ.”

ನಾದಿನಿ ಸೆರಗಿನ ಅಂಚು ಸುತ್ತಿದಳು. “ಅಣ್ಣ ಇವಳನ್ನ ಎಲ್ಲಾದ್ರೂ ಸೇರಿಸಿ ಕೈ ತೊಳ್ಕೊಳ್ಳೋಣ ಅಂದ. ಅಮ್ಮ ಹೇಳಿದ್ಲು, ‘ನಾನೇ ಔಷಧಿ ಕೊಡಿಸ್ತೀನಿ. ಹೆಂಡತೀನ ಬಿಡೋದಾದ್ರೆ ಅಂಗಡೀನೂ ಬಿಟ್ಟು ಹೋಗು, ಅದು ನನ್ನ ಹೆಸರಲ್ಲಿದೆ, ಮೊಮ್ಮಗಳಿಗೆ ಬರೀತೀನಿ’ ಅಂತ. ಬಾಯಿ ಮಾತು. ಅಮ್ಮ ಹಾಗೆ ಎಷ್ಟೋ ಅಂತಿದ್ಲು.”

ಊಟದ ವಿರಾಮ ಬಂತು. ಎಲ್ಲರೂ ಡಬ್ಬಿ ಬಿಚ್ಚಿದರು. ಅಡ್ಡಗಾಲಮ್ಮ ಮಾತ್ರ ನ್ಯಾಯಾಧೀಶರ ಅಪ್ಪಣೆ ಪಡೆದು, ನಾದಿನಿಯಿಂದ ಕೀಲಿ ಇಸಿದುಕೊಂಡು, ಕೋರ್ಟಿನ ಅಧಿಕಾರಿಯೊಬ್ಬರ ಜೊತೆ ಆ ಮನೆಗೆ ಹೋದಳು. ವಾಪಸ್ಸು ಬಂದಾಗ ಅಧಿಕಾರಿಯ ಹೆಗಲ ಮೇಲೆ ಬಾಯಿ ಬಿಗಿದ ದಪ್ಪ ಮೂಟೆಯಿತ್ತು, ಇಬ್ಬರ ತಲೆಯ ಮೇಲೂ ಧೂಳಿತ್ತು.

ಕೊನೆಯ ಸಾಕ್ಷಿ ಗಂಡ. ಹಾಸಿಗೆ ಅಂಗಡಿ ನಡೆಸುವವನು. ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದ ದುಃಖ.

“ಆ ಮಧ್ಯಾಹ್ನ ಎಲ್ಲಿದ್ರಿ?”

“ಡೆಲಿವರಿಗೆ ಹೋಗಿದ್ದೆ. ವ್ಯಾನಲ್ಲಿ ಒಬ್ಬನೇ.”

“ಹೆಂಡತಿ ಡೆಲಿವರಿ ದಿನಾನೂ ಡೆಲಿವರಿಗೇ ಹೋಗಿದ್ರಂತೆ?”

“ವ್ಯಾಪಾರ ಮೇಡಂ.”

“ಮನೇಲಿ ಮಲಗ್ತಿದ್ರಾ?”

“ಮಗು ಹುಟ್ಟಿದ ಮೇಲೆ ಅಂಗಡೀಲೇ. ಮನೆ ಕಡೆ ತಲೆ ಹಾಕಿಲ್ಲ. ಇವಳು ರಾತ್ರಿಯೆಲ್ಲ ಅಳ್ತಾಳೆ. ದುಡಿಯೋನಿಗೆ ನಿದ್ದೆ ಬೇಕಲ್ಲ?”

“ಅಂದ್ರೆ ಊರಿಗೇ ಹಾಸಿಗೆ ಮಾರೋ ಮನೇಲಿ ನಿದ್ದೆ ಇಲ್ಲದವಳು ಇವಳೊಬ್ಬಳೇ.” ಅಡ್ಡಗಾಲಮ್ಮ ಮೇಜಿನ ಮೇಲಿದ್ದ ಕೊಲೆಯ ದಿಂಬನ್ನು ತೋರಿಸಿದಳು. “ಇದು ಯಾರದು?”

“ಅಮ್ಮಂದು.”

“ಖಾತ್ರಿಯಾಗಿ?”

“ಎಷ್ಟೋ ವರ್ಷದಿಂದ ಇದರ ಮೇಲೇ ಮಲಗೋಳು. ಅದನ್ನೇ ತಲೆ ಕೆಳಗಿಂದ ಎಳೆದು...” ಅವನು ಕಣ್ಣೊರೆಸಿಕೊಂಡ.

“ಸರಿ. ಸ್ವಾಮಿ, ಒಂದು ಸಣ್ಣ ಕೆಲಸ ಮಾಡಿಸಬೇಕು.”

ಮೂಟೆಯ ಹಗ್ಗ ಬಿಚ್ಚಿದಳು. ಒಳಗಿಂದ ದಿಂಬುಗಳು ಬಂದವು. ಹಳೆಯವು, ಹಳದಿ ತಿರುಗಿದವು, ನಡುವೆ ತಲೆಯಷ್ಟಗಲ ಗುಳಿ ಬಿದ್ದವು. ಒಂದನ್ನೆತ್ತಿ, ಒಂದು ಗವಸಿನ ಜೊತೆ, ದಾದಿಗೆ ಕೊಟ್ಟಳು.

“ಇದಕ್ಕೆ ಗವಸು ಹಾಕಮ್ಮ.”

ದಾದಿ ದಿಂಬನ್ನು ಗವಸಿಗೆ ತುರುಕಿ, ನೆಲಕ್ಕೆ ಕುಕ್ಕಿ, ಮೇಜಿನ ಮೇಲೆ ಎಸೆದಳು. ನಾದಿನಿ ಗಲ್ಲದ ಕೆಳಗೆ ದಿಂಬು ಕಚ್ಚಿಕೊಂಡು ಗವಸು ಏರಿಸಿದಳು, ಎಲ್ಲ ಮನೆಯವರ ಹಾಗೆ. ಗವಸಿನ ತೆರೆದ ಬಾಯಿ ಬಾಗಿಲ ಕಡೆ ಬಿದ್ದುಕೊಂಡಿತು.

“ಈಗ ನೀವು.”

“ಇದೇನು ಆಟ?” ಸರ್ಕಾರಿ ವಕೀಲರು ಎದ್ದರು.

“ಯಾಕೆ, ಬರಲ್ವಾ ಇವರಿಗೆ?” ಎಂದಳು ಅಡ್ಡಗಾಲಮ್ಮ.

ಗಂಡನಿಗೆ ಆ ಮಾತು ನಾಟಿತು. ಗವಸನ್ನು ಒಳಹೊರಗೆ ಮಾಡಿ ಕೈಗೆ ತೊಟ್ಟ. ಒಳಗಿಂದಲೇ ದಿಂಬಿನ ಎರಡು ಮೂಲೆ ಹಿಡಿದು ಒಂದು ಸಲ ಕೊಡವಿದ — ಗವಸು ತಾನಾಗಿ ಇಳಿಯಿತು. ಬಾಯಿಯ ಅಂಚನ್ನು ಒಳಕ್ಕೆ ಮಡಚಿದ. ಎರಡು ಕಡೆ ತಟ್ಟಿ, ಬಾಯಿ ಗೋಡೆಯ ಕಡೆ ಬರುವಂತೆ ಇಟ್ಟ. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದಿತ್ತು. ಯಾರೋ ಮೆಚ್ಚಿ ಹ್ಞೂಂ ಅಂದರು.

“ಬಾಯಿ ಯಾಕೆ ಗೋಡೆ ಕಡೆ?”

“ಬಾಗಿಲಿಂದ ಬರೋ ಗಿರಾಕಿಗೆ ದಿಂಬಿನ ಬಾಯಿ ಕಾಣಬಾರದು. ನಮ್ಮ ಅಂಗಡಿ ಪದ್ಧತಿ. ಕೈ ತಾನೇ ಮಾಡುತ್ತೆ.”

“ಅದೇ ನಿಮ್ಮ ಕೈ ಮಾಡಿದ ತಪ್ಪು.”

ಅವಳು ಕೊಲೆಯ ದಿನದ ಫೋಟೋವನ್ನು ನ್ಯಾಯಾಧೀಶರ ಮುಂದಿಟ್ಟಳು.

“ಸ್ವಾಮಿ, ಮಂಚದ ಮೇಲೆ ದಿಂಬಿದೆ, ಅಂಚು ಒಳಕ್ಕೆ, ಬಾಯಿ ಗೋಡೆ ಕಡೆ. ನಾವೆಲ್ಲ ನೋಡಿದ್ವಿ, ಯಾರೂ ಏನೂ ಅಂದ್ಕೊಳ್ಳಲಿಲ್ಲ. ಮಂಚದ ಮೇಲೆ ದಿಂಬಿಲ್ಲದೆ ಏನಿರುತ್ತೆ? ಆದ್ರೆ ಆ ಮನೇಲಿ ದಿಂಬೇ ಇರಲಿಲ್ಲ. ಈ ಹುಡುಗಿ ದಿಂಬು ಕಂಡ್ರೆ ನಡುಗ್ತಿದ್ಲು, ಮಗೂಗೆ ಏನಾದ್ರೂ ಮಾಡಿಬಿಡ್ತೀನಿ ಅಂತ. ಅದಕ್ಕೇ ಅತ್ತೆ ಮನೇಲಿದ್ದ ಅಷ್ಟೂ ದಿಂಬನ್ನ ಕಟ್ಟಿ ಅಟ್ಟಕ್ಕೆ ಹಾಕಿ ಬೀಗ ಜಡಿದ್ಲು. ಎಲ್ಲರೂ ಸೀರೆ ಮಡಚಿ ತಲೆಗಿಟ್ಟುಕೊಂಡ್ರು. ದಾದಿ ಹೇಳಿದ್ಲು. ನಾವು ‘ಕತ್ತಿನ ವಿಷಯ ಬೇಡ’ ಅಂದ್ವಿ.”

ನ್ಯಾಯಾಧೀಶರು ಕನ್ನಡಕ ತೆಗೆದು ಒರೆಸಿದರು.

“ಇವಳೇ ಬೀಗ ತೆಗೆದು ಒಂದು ಎಳೆದಿರಬಹುದು,” ಎಂದರು ಸರ್ಕಾರಿ ವಕೀಲರು.

“ಮೂಟೆ ಕಟ್ಟಿದ್ದು ಕಟ್ಟಿದ ಹಾಗೇ ಇತ್ತು, ಮೇಲೆ ಬೆರಳು ಮೂಡುವಷ್ಟು ಧೂಳು. ಕೋರ್ಟಿನ ಅಧಿಕಾರಿಯ ತಲೆ ನೋಡಿ. ಈ ಕೊಲೆಯ ದಿಂಬನ್ನೂ ನೋಡಿ. ಎಷ್ಟೋ ವರ್ಷ ಮಲಗಿದ ದಿಂಬಂತೆ, ಒಂದು ತಲೆಯ ಗುಳಿ ಇಲ್ಲ. ಗವಸು ಹಳೇದು, ಬೀರುವಿಂದ ತೆಗೆದದ್ದು. ದಿಂಬು ಹೊಸದು, ವ್ಯಾನಿಂದ ತಂದದ್ದು. ಮನೇಲಿ ದಿಂಬಿಲ್ಲ ಅಂತ ಗೊತ್ತಿಲ್ಲದವನು ಯಾರು? ಮನೇಲಿ ಮಲಗದವನು. ಕೊಲ್ಲೋಕೆ ಬಂದ, ತಾಯಿ ತಲೆ ಕೆಳಗೆ ದಿಂಬಿಲ್ಲ. ವ್ಯಾನಿಂದ ತಂದ, ಒತ್ತಿದ. ಆಮೇಲೆ ವಾಪಸ್ಸು ಒಯ್ದಿದ್ರೆ ನಾನು ಇವತ್ತು ಸೋತಿದ್ದೆ. ಆದ್ರೆ ದಿಂಬಿಲ್ಲದ ಹಾಸಿಗೆ ಬಿಟ್ಟು ಹೋಗೋಕೆ ಇವರ ಮನಸ್ಸು ಒಪ್ಪಲಿಲ್ಲ. ಗವಸು ಹಾಕಿ, ಅಂಚು ಮಡಚಿ, ಬಾಯಿ ಗೋಡೆ ಕಡೆ ಇಟ್ಟು, ತಾಯಿ ತಲೆ ಎತ್ತಿ ಮಲಗಿಸಿದ್ರು. ಗಿರಾಕಿಗೆ ತೋರಿಸೋ ಹಾಗೆ.”

“ಅಮ್ಮನೂ ಹಾಗೇ ಹಾಕ್ತಿದ್ಲು,” ಎಂದ ಗಂಡ.

“ಹಾಕ್ತಿದ್ರು. ಹಾಕೋಕೆ ದಿಂಬಿದ್ದಿದ್ರೆ.”

ಅವನು ತಂಗಿಯ ಕಡೆ ನೋಡಿದ. ನಾದಿನಿ ನಿಧಾನವಾಗಿ ಎದ್ದು ನಿಂತಳು. “ಅಮ್ಮನ್ನ ಮಲಗಿಸಿ ಹೊದಿಕೆ ಬೇರೆ ಎಳೆದೆಯಲ್ಲೋ,” ಎಂದಳು. ಅಷ್ಟೇ. ಅವನು ಇಲ್ಲ ಅನ್ನಲಿಲ್ಲ. ಇಬ್ಬರು ಪೇದೆಗಳು ಅವನ ಅಕ್ಕಪಕ್ಕ ಬಂದು ನಿಂತರು.

ಸೊಸೆಯ ಮೇಲೆ ಕೊಲೆಯ ಆರೋಪ ನಿಲ್ಲುವುದಿಲ್ಲ ಎಂದರು ನ್ಯಾಯಾಧೀಶರು. ಅಲ್ಲಿಗೆ ಮುಗಿಯಬೇಕಿತ್ತು. ಸರ್ಕಾರಿ ವಕೀಲರು ಮಾತ್ರ ಬಿಡಲಿಲ್ಲ.

“ಕೊಲೆ ಇಲ್ಲ, ಒಪ್ಪಿದೆ. ಕಾಯಿಲೆ ಇದೆಯಲ್ಲ? ಮಗುವನ್ನ ಯಾವುದಾದ್ರೂ ಆಶ್ರಮಕ್ಕೆ—”

ಅಡ್ಡಗಾಲಮ್ಮ ಬಾಯಿ ತೆರೆದಳು. ಅಷ್ಟರಲ್ಲಿ ಕಟಕಟೆಯೊಳಗಿಂದ ದನಿ ಬಂತು.

“ಕಾಯಿಲೆ ಇದೆ ಸ್ವಾಮಿ,” ಎಂದಳು ಸೊಸೆ. “ಸುಳ್ಳು ಹೇಳಲ್ಲ. ಔಷಧಿ ನುಂಗ್ತೀನಿ, ಡಾಕ್ಟ್ರು ಕರೆದಾಗೆಲ್ಲ ಹೋಗ್ತೀನಿ. ಜ್ವರ ಬಂದ ತಾಯಿಯಿಂದ ಯಾರೂ ಮಗು ಕಿತ್ಕೊಳ್ಳಲ್ಲ. ನನ್ನಿಂದ ಯಾಕೆ ಕಿತ್ಕೊಳ್ತೀರಿ?”

ಸರ್ಕಾರಿ ವಕೀಲರು ಉತ್ತರಕ್ಕಾಗಿ ಕಾಗದ ತಿರುವಿದರು. ಕಾಗದದಲ್ಲಿ ಇರಲಿಲ್ಲ.

“ಮಗು ತಾಯಿ ಹತ್ರಾನೇ ಇರುತ್ತೆ,” ಎಂದರು ನ್ಯಾಯಾಧೀಶರು. “ಡಾಕ್ಟ್ರು ನೋಡ್ತಿರಲಿ.”

ಸೊಸೆ ಕಟಕಟೆ ಇಳಿದು ಬಂದಳು. ನಾದಿನಿಯ ತೋಳಿನಲ್ಲಿ ಕೂಸು ಮುಷ್ಟಿ ಚೀಪುತ್ತಿತ್ತು. ನಾದಿನಿ ಒಂದು ಕ್ಷಣ ಹಿಂಜರಿದಳು.

“ಕೊಡಿ,” ಎಂದಳು ಸೊಸೆ. “ನಂಗೆ ಭಯ ಆಗ್ತಿದೆ. ನೀವು ಪಕ್ಕದಲ್ಲೇ ನಿಂತ್ಕೊಳ್ಳಿ. ಆದ್ರೆ ಕೊಡಿ.”