ಮಾವ ಎಂದರೆ ಯಾರು?

"ಯಾಕೆ ನಿಲ್ಸಿದೆ? ಓದು!"

ಯರ್ರಮ್ಮನ ದನಿಗೆ ಪ್ರೇಮಲತಾ ಕೈಯಲ್ಲಿದ್ದ ಮೊಬೈಲಿನಿಂದ ತಲೆ ಎತ್ತಿದಳು. ಅದರಲ್ಲಿದ್ದದ್ದು ಆಸ್ಟ್ರೇಲಿಯಾದ ವಲಸೆ ಕಚೇರಿಯಿಂದ ಬಂದ ಕಾಗದ. ಇಂಗ್ಲಿಷಿನಲ್ಲಿತ್ತು. ಚಳ್ಳಕೆರೆಯ ಆ ಮನೆಯಲ್ಲಿ ಇಂಗ್ಲಿಷ್ ಓದಲು ಬರುತ್ತಿದ್ದುದು ಸೊಸೆಯೊಬ್ಬಳಿಗೇ. ಎದುರಿಗೆ ಚಾಪೆಯ ಮೇಲೆ ಅತ್ತೆ ಯರ್ರಮ್ಮ, ಗೋಡೆಗೆ ಒರಗಿ ಅತ್ತೆಯ ಗಂಡ ಉಗ್ರಪ್ಪ. ಪ್ರೇಮಲತಾ ಒಂದೊಂದೇ ಸಾಲನ್ನು ಕನ್ನಡಕ್ಕೆ ತಿರುಗಿಸಿ ಹೇಳುತ್ತಿದ್ದಳು. ಮೂರು ಸಾಲು ಸರಾಗವಾಗಿ ಬಂದವು. ನಾಲ್ಕನೆಯದಕ್ಕೆ ನಿಲ್ಲಿಸಿಬಿಟ್ಟಳು.

"ಅಷ್ಟೇ ಅತ್ತೆ... ಇನ್ನೂ ಒಂದೆರಡು ದಾಖಲೆ ಬೇಕಂತೆ."

"ಅಷ್ಟುದ್ದ ಐತೆ, ಅಷ್ಟೇ ಅಂತಾಳೆ! ನಂಗೇನು ಕಣ್ಣಿಲ್ವಾ? ಮುಚ್ಚಿಡೋ ಅಂಥದ್ದು ಏನೈತೆ ಅದ್ರಾಗೆ?"

"ಓದವ್ವ," ಎಂದ ಉಗ್ರಪ್ಪ ಮೆಲ್ಲಗೆ. "ಏನೇ ಇರ್ಲಿ, ಓದು."

ಆ ಮೆತ್ತನೆಯ ದನಿಯೇ ಅವಳ ಎದೆಗೆ ಇರಿಯಿತು. ಗದರಿದ್ದರೆ ಸುಳ್ಳು ಹೇಳಬಹುದಿತ್ತು. ಅವಳು ತಲೆ ತಗ್ಗಿಸಿ, ಕಲ್ಲು ನುಂಗುವವಳಂತೆ ಓದಿದಳು. ಅರ್ಜಿದಾರಳು ಗಂಡನಿಗೆ ಕಳಿಸಿದ್ದೆಂದು ಕೊಟ್ಟಿರುವ ಸಂದೇಶಗಳೆಲ್ಲ ಗಂಡನ ತಂದೆಯ ಹೆಸರಿನಲ್ಲಿರುವ ನಂಬರಿಗೆ ಹೋಗಿವೆ. ಪ್ರತಿ ಸಂದೇಶವೂ 'ಗಂಡನ ತಂದೆಯೇ' ಎಂದು ಶುರುವಾಗುತ್ತದೆ. ಸಂದೇಶಗಳಲ್ಲಿರುವುದು ಗಂಡಹೆಂಡಿರ ನಡುವಿನ ಸಲಿಗೆ. ಅರ್ಜಿದಾರಳು ಇರುವುದೂ ಅದೇ ವ್ಯಕ್ತಿಯ ಮನೆಯಲ್ಲಿ. ಹೀಗಿರುವಾಗ ಈ ಮದುವೆ ನಿಜವಾದದ್ದೆಂದು ನಂಬುವುದು ಹೇಗೆ? ಇಪ್ಪತ್ತೆಂಟು ದಿನಗಳಲ್ಲಿ ವಿವರಣೆ ಕೊಡಬೇಕು. ಇಲ್ಲದಿದ್ದರೆ...

ಮುಂದಿನದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ಉಗ್ರಪ್ಪ ಎದ್ದು ನಿಂತಿದ್ದ. ಪಾವಗಡ ರಸ್ತೆಯ ತನ್ನ ಅಂಗಡಿಯಲ್ಲಿ ಮೂವತ್ತು ವರ್ಷ ಪಂಪ್‌ಸೆಟ್ ಮೋಟಾರಿಗೆ ತಂತಿ ಸುತ್ತಿದ ಆ ಗಟ್ಟಿ ಕೈಗಳು ಈಗ ಹೆಗಲ ಮೇಲಿನ ಟವೆಲ್ಲನ್ನು ಎಳೆದು ಹಿಂಡಿದವು. ಸೊಸೆಯ ಕಡೆ ನೋಡಲಿಲ್ಲ. ಹೆಂಡತಿಯ ಕಡೆಯೂ ನೋಡಲಿಲ್ಲ. ಚಪ್ಪಲಿ ಮೆಟ್ಟುವುದನ್ನೂ ಮರೆತು ಹೊರಗೆ ನಡೆದುಬಿಟ್ಟ.

"ಮಾವಯ್ಯ!..." ಎಂದು ಕೂಗಿದಳು ಪ್ರೇಮಲತಾ. ಕೂಗಿದ ಮೇಲೆ, ಆ ಪದವನ್ನು ಬಾಯಿಗೆ ತಂದದ್ದಕ್ಕೆ ತಾನೇ ಹೆದರಿ ಸೆರಗನ್ನು ಬಾಯಿಗೆ ತುರುಕಿಕೊಂಡಳು.

ಓದುಗರಿಗೆ ವಿಷಯ ಹೇಳಿಬಿಡುತ್ತೇನೆ, ಇದರಲ್ಲಿ ಗುಟ್ಟೇನೂ ಇಲ್ಲ. ಯರ್ರಮ್ಮನ ಒಬ್ಬನೇ ಮಗ ಅಂಜಿನೇಯ ಚಳ್ಳಕೆರೆಯಲ್ಲಿ ಬೋರ್‌ವೆಲ್ ಲಾರಿಯ ಮೇಲೆ ಕೆಲಸ ಕಲಿತವನು. ಈಗ ಆಸ್ಟ್ರೇಲಿಯಾದ ಬಯಲಿನಲ್ಲಿ ಅದೇ ಕೆಲಸ, ನೀರಿಗಾಗಿ ನೆಲ ಕೊರೆಯುವುದು. ಹದಿನಾಲ್ಕು ತಿಂಗಳ ಹಿಂದೆ ಬಂದು, ಮೊಳಕಾಲ್ಮೂರಿನ ನೇಕಾರರ ಮನೆಯ ಪ್ರೇಮಲತಾಳನ್ನು ಮದುವೆಯಾಗಿ, ನಲವತ್ತು ದಿನ ಜೊತೆಗಿದ್ದು ಹೋಗಿದ್ದ. ಅವನ ಬಳಿ ಹೋಗಲು ಅವಳು ವೀಸಾಕ್ಕೆ ಅರ್ಜಿ ಹಾಕಿ, ಮದುವೆಗೆ ಪುರಾವೆಯೆಂದು ಅವನಿಗೆ ಬರೆದ ಸಂದೇಶಗಳನ್ನು ಕೊಟ್ಟಿದ್ದಳು. ಅವನು ಅಲ್ಲಿಯೂ ಬಳಸುತ್ತಿದ್ದ ಸಿಮ್ಮು ಕಾಲೇಜಿನ ಕಾಲದ್ದು, ಅಪ್ಪನ ಆಧಾರ್ ಕೊಟ್ಟು ಕೊಂಡದ್ದು. ಎಷ್ಟು ಮನೆಗಳಲ್ಲಿ ಹಾಗಿಲ್ಲ? ಇನ್ನು ಆ ಪದ. ಮೊಳಕಾಲ್ಮೂರಿನ ಕಡೆ ಹೆಂಡತಿ ಗಂಡನನ್ನು 'ಮಾವ' ಎನ್ನುವುದು ಉಸಿರಾಡಿದಷ್ಟು ಸಹಜ. ಅವ್ವನ ತಮ್ಮನೂ ಮಾವ, ಗಂಡನ ಅಪ್ಪನೂ ಮಾವ, ಗಂಡನೂ ಮಾವ. ಯಾವ ಮಾವ ಎಂಬುದು ಕರೆಯುವ ದನಿಯಲ್ಲಿ ತಿಳಿಯುತ್ತದೆಯೇ ಹೊರತು ಕಾಗದದಲ್ಲಿ ಅಲ್ಲ. 'ಮಾವ, ನಿನ್ನ ಅಂಗಿ ಒಗೀದೆ ಹಂಗೇ ಇಟ್ಕೊಂಡಿದೀನಿ' ಎಂದು ಅವಳು ಬರೆದದ್ದನ್ನು, ಯಾವುದೋ ಊರಿನ ಯಾವನೋ ಭಾಷಾಂತರಕಾರ ನಿಘಂಟು ನೋಡಿ, 'ಗಂಡನ ತಂದೆಯೇ, ನಿಮ್ಮ ಅಂಗಿಯನ್ನು ತೊಳೆಯದೆ ಇಟ್ಟುಕೊಂಡಿದ್ದೇನೆ' ಎಂದು ಮಾಡಿ ಮೊಹರು ಒತ್ತಿದ್ದ. ಇನ್ನೂರ ಹನ್ನೊಂದು ಪುಟ!

ಅರ್ಜಿ ತುಂಬಿಕೊಟ್ಟಿದ್ದ ಮಾರುತೇಶ ಮರುದಿನ ತನ್ನ ಆನ್‌ಲೈನ್ ಸೆಂಟರ್ ಮುಚ್ಚಿ ಓಡಿಬಂದ.

"ತಪ್ಪಾಯ್ತು ಯರ್ರಮ್ಮಾರೆ. ನಾನು ಓದಿ ನೋಡ್ಬೇಕಿತ್ತು. ಗಂಡ ಹೆಂಡ್ತಿ ಮಾತು ಓದೋದು ಸರಿಯಲ್ಲ ಅಂತ ಬಿಟ್ಟೆ."

"ಆಹಾಹಾ, ಏನ್ ಮರ್ಯಾದಸ್ಥ! ನೀನು ಓದ್ಲಿಲ್ಲ, ದೇಶಕ್ಕೆ ದೇಶನೇ ಓದ್ತು!"

"ಬೇರೆ ಭಾಷಾಂತರ ಮಾಡಿಸ್ತೀನಿ. ಸಿಮ್ಮಿಂದು ಅಫಿಡವಿಟ್ ಮಾಡಿಸ್ತೀನಿ. ಅವು ಸಾಲಲ್ಲ. ನೀವೊಂದು ಮಾತು ಹೇಳ್ಬೇಕು. ಯಜಮಾನ್ರು ಹೇಳಿದ್ರೆ ನಡೆಯಲ್ಲ, ಅನುಮಾನ ಅವರ ಮೇಲೇ ಐತೆ. ಅದು ನಿಜ ಆಗಿದ್ರೆ ಮೋಸ ಆಗೋದು ನಿಮಗಲ್ವಾ? ಅದಕ್ಕೇ ನಿಮ್ಮ ಮಾತಿಗೆ ತೂಕ. ಆ ಕಚೇರಿಯೋರೇ ನಿಮಗೆ ಫೋನ್ ಮಾಡಿ ಕೇಳ್ತಾರಂತೆ."

ಯರ್ರಮ್ಮ ಸೆರಗು ಸರಿಪಡಿಸಿಕೊಂಡಳು. ಅವಳ ಮುಖದಲ್ಲಿ ಏನೋ ಒಂದು ನೆಟ್ಟಗೆ ಎದ್ದು ನಿಂತದ್ದನ್ನು ಪ್ರೇಮಲತಾ ನೋಡಿದಳು. ಕೈಗೆ ಕೀಲಿ ಸಿಕ್ಕವರ ಮುಖ ಅದು.

ಅಂದಿನಿಂದ ಮನೆ ಮನೆಯಾಗಿ ಉಳಿಯಲಿಲ್ಲ. ಉಗ್ರಪ್ಪ ಅಂಗಡಿಯಲ್ಲೇ ಮಲಗತೊಡಗಿದ. ಸೊಸೆ ಊಟದ ಕ್ಯಾರಿಯರ್ ಕಳಿಸಿದರೆ ಅದು ಮುಚ್ಚಳ ತೆಗೆಯದೆ ಹಾಗೇ ವಾಪಸು ಬರುತ್ತಿತ್ತು. ಸಿಟ್ಟಿನಿಂದಲ್ಲ... ಅವಳ ಕೈಯ ಅನ್ನ ಉಂಡರೆ ಅವಳಿಗೇ ಇನ್ನಷ್ಟು ಮಸಿ ಅಂಟೀತೆಂಬ ಹೆದರಿಕೆಯಿಂದ! ಅದು ಅವಳಿಗೆ ಗೊತ್ತಿತ್ತು. ಗೊತ್ತಿದ್ದುದರಿಂದಲೇ ಆ ಕ್ಯಾರಿಯರ್ ತೊಳೆಯುವಾಗ ಕೈ ಏಳುತ್ತಿರಲಿಲ್ಲ. ಯರ್ರಮ್ಮ ಮಾತ್ರ ಎಂದಿಗಿಂತ ಚುರುಕಾಗಿದ್ದಳು. ಪಕ್ಕದ ಮನೆಯ ಪಾತಮ್ಮ ಬಂದು, "ವೀಸಾ ಏನಾಯ್ತಕ್ಕ?" ಎಂದರೆ, "ನಂಗೇನು ಗೊತ್ತವ್ವ, ಕಾಗದದಾಗೆ ಏನೇನೋ ಬರ್ದವ್ರೆ. ದೊಡ್ಡ ದೇಶದೋರು, ಸುಳ್ಳು ಬರೀತಾರಾ?" ಎಂದು ಸೊಸೆಗೆ ಕೇಳುವಂತೆ ಹೇಳುತ್ತಿದ್ದಳು.

ಅಂಜಿನೇಯ ವೀಡಿಯೊ ಕರೆಯಲ್ಲಿ ಬಂದ. ಕೆಂಪು ಮಣ್ಣು ಮೆತ್ತಿದ ಮುಖ, ಹಿಂದೆ ಯಂತ್ರದ ಗದ್ದಲ.

"ಅವ್ವ, ನಿನ್ನೊಂದು ಮಾತು ಸಾಕು. ನಿಂಗೆ ಗೊತ್ತಿಲ್ಲೇನು, ಅವಳು ಮಾವ ಅನ್ನೋದು ಯಾರಿಗೆ ಅಂತ?"

"ನಾನು ಹಳ್ಳಿ ಮುದುಕಿ. ಫೋನ್‌ನಾಗೆ ನಾಲಿಗೆ ತೊದಲುತ್ತೆ."

"ಜಗಳ ಆಡೋವಾಗ ತೊದಲಲ್ವಲ್ಲ!"

"ನೋಡು, ನೋಡು! ಹೆಂಡ್ತಿ ಬಂದ್ಮೇಲೆ ಅವ್ವ ಜಗಳಗಂಟಿ ಆದ್ಲು!" ಯರ್ರಮ್ಮ ಫೋನನ್ನು ಸೊಸೆಯ ಮಡಿಲಿಗೆ ಎಸೆದು ಎದ್ದುಹೋದಳು.

ಇಪ್ಪತ್ತೆಂಟರಲ್ಲಿ ಹದಿನಾರು ದಿನ ಕಳೆದಿದ್ದವು. ಪ್ರೇಮಲತಾ ಬಟ್ಟೆ ತುಂಬಿಕೊಂಡು ಮೊಳಕಾಲ್ಮೂರಿನ ಬಸ್ಸು ಹತ್ತಿದಳು. ತವರಿನ ಹೊಸ್ತಿಲು ತುಳಿದೊಡನೆ, ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕುಳಿತಿದ್ದ ತಾಯಿ ಗೀತಮ್ಮನ ಹೆಗಲಿಗೆ ಬಿದ್ದು ಅತ್ತಳು. ಎಲ್ಲವನ್ನೂ ಹೇಳಿದಳು. ಗೀತಮ್ಮ ಲಾಳಿಯನ್ನು ಪಕ್ಕಕ್ಕಿಟ್ಟು ಮಗಳ ಬಟ್ಟೆಯ ಚೀಲದ ಕಡೆ ನೋಡಿದಳು.

"ಚೀಲ ಯಾಕೆ ತಂದೆ?"

"ನಂಗೆ ಆ ಮನೆ ಬ್ಯಾಡಮ್ಮ. ವೀಸಾನೂ ಬ್ಯಾಡ. ಮಾವಯ್ಯ ನನ್ನ ಮುಖ ನೋಡಲ್ಲ... ಅತ್ತೆಗೆ ನಿಜ ಗೊತ್ತಿದ್ದೂ ಬಾಯಿ ಬಿಡಲ್ಲ..."

"ಇವತ್ತು ನೀನು ಇಲ್ಲಿ ಉಳಿದ್ರೆ ಆ ಕಾಗದದಾಗೆ ಬರ್ದಿದ್ದು ನಿಜ ಆಗುತ್ತೆ, ತಲ್ಲಿ, ನನ್ನ ತಾಯಿ." ಗೀತಮ್ಮನ ಕಣ್ಣಲ್ಲೂ ನೀರಿತ್ತು, ದನಿಯಲ್ಲಿ ಮಾತ್ರ ಇರಲಿಲ್ಲ. "ಊಟ ಮಾಡು. ಮೂರು ಗಂಟೆ ಬಸ್ಸಿಗೆ ವಾಪಸ್ ಹೋಗು. ಆ ಯಮ್ಮನ್ನ ಎದುರಿಗೆ ನಿಂತು ಕೇಳು. ಬೈದ್ರೆ ಬೈಲಿ."

ಸಂಜೆ ಅವಳು ಅತ್ತೆಯ ಎದುರಿಗೆ ನಿಂತಳು. ಯರ್ರಮ್ಮ ಅಕ್ಕಿ ಆರಿಸುತ್ತಿದ್ದಳು.

"ಅತ್ತೆ, ನಿಜ ಹೇಳಿ. ನಾನು ಮಾವ ಅನ್ನೋದು ಯಾರಿಗೆ ಅಂತ ನಿಮಗೆ ಗೊತ್ತಿಲ್ವಾ?"

"ಗೊತ್ತೈತೆ."

ಅಷ್ಟು ನೇರವಾದ ಉತ್ತರವನ್ನು ಪ್ರೇಮಲತಾ ನಿರೀಕ್ಷಿಸಿರಲಿಲ್ಲ.

"ಮತ್ತೆ... ಹೇಳ್ತೀರಾ?"

"ಗೊತ್ತಿರೋದ್ನೆಲ್ಲ ಹೇಳ್ಬೇಕು ಅಂತ ಎಲ್ಲೈತೆ?" ಮೊರದಿಂದ ತಲೆ ಎತ್ತದೆ ಹೇಳಿದಳು ಯರ್ರಮ್ಮ. "ಹೋಗು, ಒಲೆ ಮೇಲೆ ಹಾಲೈತೆ ನೋಡು."

ಕರೆ ಬಂದದ್ದು ಇಪ್ಪತ್ಮೂರನೆಯ ದಿನ, ಬೆಳಿಗ್ಗೆ ಎಂಟೂವರೆಗೆ. ಅರ್ಜಿದಾರಳು ಕೋಣೆಯಲ್ಲಿ ಇರಕೂಡದೆಂದು ಮಾರುತೇಶ ಮೊದಲೇ ಹೇಳಿದ್ದ. ಲೌಡ್‌ಸ್ಪೀಕರ್ ಒತ್ತಿಕೊಟ್ಟು ಪ್ರೇಮಲತಾ ಹಿತ್ತಲಿಗೆ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತಳು. ಅಡುಗೆಮನೆಯ ಕಿಟಕಿಯಿಂದ ಒಂದೊಂದು ಮಾತೂ ಕೇಳುತ್ತಿತ್ತು. ಕೇಳಿಸಿಕೊಳ್ಳಬಾರದೆಂದು ಕಿವಿ ಮುಚ್ಚಿದಳು, ಮರುಕ್ಷಣವೇ ತೆಗೆದಳು. ಆ ಹೊತ್ತಿಗೇ ಉಗ್ರಪ್ಪ ಅಂಗಡಿಯಿಂದ ಬಂದು, ಒಳಗೆ ಕಾಲಿಡದೆ, ಬೀದಿ ಬಾಗಿಲ ಬಳಿ ನಿಂತಿದ್ದ.

ಅಧಿಕಾರಿ ಹೆಂಗಸು. ಅವಳ ಇಂಗ್ಲಿಷಿನ ಹಿಂದೆಯೇ ದುಭಾಷಿಯ ಪುಸ್ತಕದ ಕನ್ನಡ.

"ತಾಯಿ, ಅರ್ಜಿದಾರರು ತಮ್ಮ ಬಳಿ ಇದ್ದಾರೆಯೇ?"

"ಇಲ್ಲ. ಹಿತ್ತಲಿಗೆ ಅಟ್ಟಿದೀನಿ."

"ತಮ್ಮ ಸೊಸೆ 'ಮಾವ' ಎಂದು ಯಾರನ್ನು ಸಂಬೋಧಿಸುತ್ತಾರೆ?"

ಯರ್ರಮ್ಮ ಬಳೆ ಸರಿಸಿಕೊಂಡ ಸದ್ದು ಹಿತ್ತಲಿಗೂ ಕೇಳಿಸಿತು. ಪ್ರೇಮಲತಾ ಕಲ್ಲಿನ ಅಂಚನ್ನು ಬಿಗಿಯಾಗಿ ಹಿಡಿದಳು. ಒಂದು ಹೆಸರು ಹೇಳಿದರೆ ಅವಳು ಗಂಡನ ಬಳಿ ಹೋಗುತ್ತಾಳೆ. 'ನಂಗೆ ಗೊತ್ತಿಲ್ಲ' ಎಂದರೆ ಅವಳ ಮದುವೆ, ಅವಳ ಮಾನ, ಒಬ್ಬ ಮುದುಕನ ಮಾನ, ಎಲ್ಲವೂ ಇನ್ನೂರ ಹನ್ನೊಂದು ಪುಟಗಳಡಿ ಹೂತುಹೋಗುತ್ತವೆ!

"ಯಾರ್ನ ಅಂದ್ರೆ..." ಎಂದಳು ಯರ್ರಮ್ಮ. ನಿಲ್ಲಿಸಿದಳು.

ಇಂಗ್ಲಿಷಿನಲ್ಲಿ ಏನೋ ಗುಸುಗುಸು ಆಯಿತು. ದುಭಾಷಿ ಬೇರೆ ದಾರಿ ಹಿಡಿದ.

"ಹೋಗಲಿ ತಾಯಿ. ತಾವು ತಮ್ಮ ಪತಿಯನ್ನು ಏನೆಂದು ಕರೆಯುತ್ತೀರಿ?"

"ಏನೂ ಇಲ್ಲ."

"ಅರ್ಥವಾಗಲಿಲ್ಲ. ಕರೆಯಬೇಕಾದಾಗ?"

"ಕೆಮ್ತೀನಿ. ತಟ್ಟೆ ಸದ್ದು ಮಾಡ್ತೀನಿ. 'ಕೇಳ್ತಾ' ಅಂತೀನಿ." ಅವಳ ದನಿ ಎಲ್ಲೋ ಬಿರುಕು ಬಿಟ್ಟಿತು. "ಮೂವತ್ತೊಂದು ವರ್ಷ ಆಯ್ತಪ್ಪ... ನಾನೂ ರಾಂಪುರದೋಳೇ, ಅವಳ ಮೊಳಕಾಲ್ಮೂರಿನ ಕಡೆಯೇ. ನಮ್ಮ ಕಡೆ ಗಂಡನ್ನ ಮಾವ ಅಂತೀವಿ. ಮದ್ವೆ ಆದ ಹೊಸದ್ರಾಗೆ ನಾನೂ ಅಂತಿದ್ದೆ. ಒಂದಿನ ನಮ್ಮತ್ತೆ ಕೇಳಿಸ್ಕೊಂಡು, 'ಈ ಮನೆಗೆ ಒಬ್ನೇ ಮಾವ, ಅದು ನನ್ನ ಗಂಡ, ಇನ್ನೊಂದ್ಸಲ ಅಂದ್ರೆ ನಾಲಿಗೆ ಸುಡ್ತೀನಿ' ಅಂದ್ಲು. ಹದಿನೇಳು ವರ್ಷದ ಹುಡುಗಿ ನಾನು. ಬಾಯಿ ಮುಚ್ಕೊಂಡೆ. ಆಮೇಲೆ ಬೇರೆ ಏನು ಕರೆಯೋಕೂ ಬಾಯಿ ಬರ್ಲಿಲ್ಲ. ಅತ್ತೆ ಸತ್ತು ಎಷ್ಟೋ ವರ್ಷ ಆಯ್ತು... ಆಗ್ಲೂ ಬರ್ಲಿಲ್ಲ."

ದುಭಾಷಿ ಅನುವಾದಿಸಲು ಹೊರಟವನು ತಡವರಿಸಿದ.

"ಈ ಹುಡುಗಿ ಬಂತು. ಗೋಡೆ ಆಚೆ ಕೂತು ಫೋನ್‌ನಾಗೆ ಮಾವ, ಮಾವ ಅಂತ ನನ್ನ ಮಗನ್ನ ಎಷ್ಟು ಚೆಂದ ಕರೀತಿತ್ತು... ನನ್ನ ಮಗನ್ನೇ ಕಣಪ್ಪ! ಅಂಜಿನೇಯನ್ನ! ಬೇರೆ ಯಾರ್ನೂ ಅಲ್ಲ. ನಂಗೆ ಕೇಳಕ್ಕಾಗ್ತಿರ್ಲಿಲ್ಲ. ಮೈಯೆಲ್ಲ ಉರಿಯೋದು. ನಮ್ಮತ್ತೆ ಥರ ಬಾಯಿ ಮುಚ್ಸಕ್ಕೆ ನಂಗೆ ಧೈರ್ಯ ಬರ್ಲಿಲ್ಲ. ನಿಮ್ಮ ಕಾಗದ ಬಂತಲ್ಲ, ಅದೇ ಮುಚ್ಚಿಸ್ಲಿ ಅಂತ ಸುಮ್ನಾದೆ. ಬರ್ಕೊಳ್ರಿ. ನಂದೇ ತಪ್ಪು ಅಂತ ಬರ್ಕೊಳ್ರಿ."

ಹಿತ್ತಲಿನಲ್ಲಿ ಪ್ರೇಮಲತಾ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಬೀದಿ ಬಾಗಿಲಲ್ಲಿ ಉಗ್ರಪ್ಪ ಮೆಟ್ಟಿಲ ಮೇಲೆ ಕುಳಿತ.

ಅನುವಾದ ಮುಗಿಯಲು ಸಮಯ ಹಿಡಿಯಿತು. ಅಧಿಕಾರಿಯದು ಇನ್ನೊಂದೇ ಪ್ರಶ್ನೆ ಇತ್ತು.

"ಸೊಸೆ ತಮ್ಮ ಮಗನ ಬಳಿಗೆ ಹೋಗುವುದು ತಮಗೆ ಇಷ್ಟವಿದೆಯೇ?"

"ಇಲ್ಲ."

"...ಇಲ್ಲವೇ?"

"ಇಲ್ಲ ಅಂದ್ರೆ ಇಲ್ಲ. ಅವಳು ಹೋದ್ರೆ ಅವನಿನ್ನು ಯಾವ ಸುಖಕ್ಕೆ ಇಲ್ಲಿಗೆ ಬರ್ತಾನೆ? ಈಗ್ಲೇ ಫೋನ್ ಮಾಡಿದ್ರೆ ಅವ್ವನಿಗಿಂತ ಮುಂಚೆ ಅವಳನ್ನ ಕೇಳ್ತಾನೆ. ಅಲ್ಲಪ್ಪ, ನಿಜದ ಮದ್ವೆನಾ ಸುಳ್ಳು ಮದ್ವೆನಾ ಅಂತ ನನ್ನ ಕೇಳ್ತೀರಲ್ಲ... ಸುಳ್ಳು ಮದ್ವೆ ಆಗಿದ್ರೆ ನಾಳೆ ಮುರಿದು ಬೀಳೋದು. ಮುರಿದು ಬೀಳೋದಕ್ಕೆ ಯಾರಾದ್ರೂ ಹೊಟ್ಟೆ ಉರ್ಕೊಳ್ತಾರಾ? ಹದಿನಾಲ್ಕು ತಿಂಗ್ಳಿಂದ ನಾನು ಉರೀತಿದೀನಿ. ಇದಕ್ಕಿಂತ ದೊಡ್ಡ ಸಾಕ್ಷಿ ಯಾರು ಕೊಡ್ತಾರೆ ನಿಮಗೆ? ಕಳಿಸ್ತೀನಿ. ಇಷ್ಟ ಇಲ್ಲ, ಆದ್ರೂ ಕಳಿಸ್ತೀನಿ. ಇಡ್ರಪ್ಪ ಫೋನು."

ಕರೆ ಕಡಿದಾಗ ಯರ್ರಮ್ಮ ಬಾಗಿಲಿನತ್ತ ತಿರುಗಿದಳು. ಮೆಟ್ಟಿಲ ಮೇಲೆ ಗಂಡನ ಬೆನ್ನು ಕಾಣಿಸಿತು.

"ನಮ್ಮವ್ವ ಹಂಗಂದಿದ್ದು ನಂಗೆ ಗೊತ್ತಿರ್ಲಿಲ್ಲ ಕಣೆ," ಎಂದ ಉಗ್ರಪ್ಪ, ಹಿಂದಿರುಗಿ ನೋಡದೆ. "ನೀನು ಕರೆಯೋದು ನಿಲ್ಸಿದಾಗ... ನಾನು ನಿಂಗೆ ಬ್ಯಾಡಾದೆ ಅನ್ಕೊಂಡೆ. ಇಷ್ಟು ವರ್ಷ ಹಂಗೇ ಅನ್ಕೊಂಡಿದ್ದೆ."

ಯರ್ರಮ್ಮ ಬಾಯಿ ತೆರೆದಳು. ಏನೋ ಹೇಳಹೋದಳು... ಮೂವತ್ತೊಂದು ವರ್ಷದ ಹಿಂದಿನ ಆ ಎರಡಕ್ಷರ ತುಟಿಯವರೆಗೆ ಬಂದಿರಬಹುದು. ಹೊರಬಿದ್ದದ್ದು ಮಾತ್ರ ಬಿಕ್ಕು. ಕೆಲವು ಪದಗಳಿಗೆ ಎಷ್ಟು ವಿಳಂಬವಾಗುತ್ತದೆಂದರೆ, ಬಾಗಿಲು ತೆರೆದಿಟ್ಟರೂ ಅವು ಮತ್ತೆ ಬರುವುದಿಲ್ಲ.

ಹಿತ್ತಲಿನಿಂದ ಓಡಿಬಂದ ಪ್ರೇಮಲತಾ ಅತ್ತೆಯ ಕಾಲಿಗೆ ಬಗ್ಗಿದಳು.

"ಏಳು, ಏಳು. ನಾನೇನು ಒಳ್ಳೆಯೋಳಾಗಿಲ್ಲ. ಕೇಳಿದ್ರು, ಹೇಳ್ದೆ." ಯರ್ರಮ್ಮ ಮೂಗು ಒರೆಸಿಕೊಂಡು, ಸೊಸೆಯ ರಟ್ಟೆ ಹಿಡಿದು ಎತ್ತಿದಳು. "ಹೋಗೋ ದಿನ ಯಾವಾಗ್ಲಾದ್ರೂ ಬರ್ಲಿ. ಅಲ್ಲೀಗಂಟ ನನ್ನ ಜೊತೆ ಜಗಳ ಆಡು. ನಾನು ಒಂದಂದ್ರೆ ನೀನು ಎರಡು ಅನ್ನು. ಬಾಯಿ ಮುಚ್ಕೊಂಡು ಮಾತ್ರ ಇರಬ್ಯಾಡ. ಅದು ರೋಗ ಕಣೆ. ಹಿಡಿದ್ರೆ ಬಿಡಲ್ಲ."

ವೀಸಾ ಬಂದದ್ದು ಐದು ತಿಂಗಳ ಮೇಲೆ. ಆ ಐದು ತಿಂಗಳೂ ಅತ್ತೆಸೊಸೆಯರ ಗಲಾಟೆ ಬೀದಿಯ ತುದಿಯವರೆಗೆ ಕೇಳುತ್ತಿತ್ತು. ಸಾರಿಗೆ ಉಪ್ಪು ಹೆಚ್ಚಾದದ್ದಕ್ಕೆ, ಟೀವಿಯ ಸದ್ದಿಗೆ, ಯಾವುದೂ ಸಿಗದಿದ್ದರೆ ಬಿಸಿಲಿಗೆ. ಹೊರಡುವ ಬೆಳಿಗ್ಗೆ ಕಾರು ಬಾಗಿಲಲ್ಲಿ ನಿಂತಿರುವಾಗಲೂ, ಎರಡು ಕಿಲೋ ಶೇಂಗಾ ಚಟ್ನಿಪುಡಿ ಸೂಟ್‌ಕೇಸಿನಲ್ಲಿ ಹಿಡಿಯುತ್ತದೋ ಇಲ್ಲವೋ ಎಂದು ಇಬ್ಬರೂ ಗಂಟಲು ಹರಿದುಕೊಂಡರು.

ಕೊನೆಗೆ ಚಟ್ನಿಪುಡಿಗೆ ಜಾಗ ಮಾಡಲು ಪ್ರೇಮಲತಾ ಎರಡು ಸೀರೆ ತೆಗೆದಿಟ್ಟು ಹೋದಳು.